ಕುರ್ಚಿಗಿಂತ ಮೊದಲು ಕೆಲಸ ಕೈ ಬದಲಾಗಲಿ

ಓದುಗರ ಪತ್ರ (ಸಂಕ್ಷಿಪ್ತವಾಗಿ): "ನಾನು ನಿವೃತ್ತ ಶಿಕ್ಷಕಿ, ವಯಸ್ಸು 71. ಒಂದು ರಾಜಕೀಯ ಪಕ್ಷದ ಕಡೆ ಒಲವಿರುವ ಹಿರಿಯರ ಸ್ಥಳೀಯ ಕ್ಲಬ್ಬಿನಲ್ಲಿ ಮೂರು ವರ್ಷದಿಂದ ಕಾರ್ಯದರ್ಶಿ. ಕ್ಲಬ್ ಕಟ್ಟಿದವರೇ 14 ವರ್ಷದಿಂದ ಅಧ್ಯಕ್ಷರು, ಈಗ ಅವರಿಗೆ 83. ಮೊದಲು ತಿಂಗಳಿಗೊಂದು ಸಭೆ, ಅಭ್ಯರ್ಥಿಗಳ ಜೊತೆ ಮಾತುಕತೆ, ಮತದಾರರ ಪಟ್ಟಿ ನೋಡುವ ಕೆಲಸ ಎಲ್ಲ ಇತ್ತು. ಈಗ ಹುಟ್ಟುಹಬ್ಬದ ಶುಭಾಶಯ ಬಿಟ್ಟರೆ ಹೆಚ್ಚೇನೂ ಇಲ್ಲ. 60 ಸದಸ್ಯರಲ್ಲಿ ಬರುವವರು 15–20 ಜನ. ಕಳೆದ ವಾರ್ಷಿಕ ಸಭೆಯಲ್ಲಿ ಒಬ್ಬರು ಅಧ್ಯಕ್ಷ ಸ್ಥಾನಕ್ಕೆ ಬೇರೆ ಹೆಸರು ಸೂಚಿಸಿದರು. ಅಧ್ಯಕ್ಷರು ನೊಂದು ಎದ್ದು ಹೋದರು. ಅಂದಿನಿಂದ ಎರಡು ಗುಂಪಾಗಿದೆ. ಅಷ್ಟು ದುಡಿದವರನ್ನು ಇಳಿಸುವುದು ತಪ್ಪಲ್ಲವೇ? ಇಳಿಸದಿದ್ದರೆ ಕ್ಲಬ್ ಉಳಿಯುತ್ತದೆಯೇ? ಕೆಲವರು ನನ್ನನ್ನೇ ನಿಲ್ಲಿ ಅನ್ನುತ್ತಿದ್ದಾರೆ. ಹೆಸರು ಹಾಕಬೇಡಿ."

ನಮಸ್ಕಾರ ಮೇಡಂ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡನೇ ಸಲ ಓದುವಾಗ ಕೊನೆಯ ಹಾಳೆಯ ಹಿಂಬದಿಯಲ್ಲಿ ಒಂದು ಸಾಲು ಕಣ್ಣಿಗೆ ಬಿತ್ತು. ಬರೆದು ಮುಗಿಸಿದ ಮೇಲೆ ನೆನಪಾಗಿ ಸೇರಿಸಿದ ಹಾಗಿತ್ತು. ಸದಸ್ಯರ ಫೋನ್ ನಂಬರುಗಳೆಲ್ಲ ಅಧ್ಯಕ್ಷರ ಮನೆಯ ಡೈರಿಯಲ್ಲಿ ಮಾತ್ರ ಇವೆ, ಹಾಗಾಗಿ ಹೋದ ತಿಂಗಳು ಸಭೆ ಕರೆಯಲೂ ಆಗಲಿಲ್ಲ ಅಂತ. ನೀವು ಅದನ್ನು ಸಣ್ಣ ವಿಷಯ ಅಂದುಕೊಂಡಿರಬಹುದು. ನನಗೆ ನಿಮ್ಮ ಇಡೀ ಪತ್ರದಲ್ಲಿ ಅದೇ ದೊಡ್ಡದಾಗಿ ಕಂಡಿತು.

ಯಾಕೆ ಅಂದರೆ, ನಮ್ಮ ಮನೆಯಲ್ಲೇ ಇದನ್ನು ನೋಡಿದ್ದೇನೆ. ನನ್ನ ತಂದೆ ಒಂದು ಸಣ್ಣ ಸಂಘಕ್ಕೆ 11 ವರ್ಷ ಕಾರ್ಯದರ್ಶಿಯಾಗಿದ್ದರು. ನಡಾವಳಿ ಪುಸ್ತಕ, ಚಂದಾ ಲೆಕ್ಕ, ಬೀಗದ ಕೈ ಎಲ್ಲ ಅವರ ಹತ್ತಿರವೇ. ಯಾರೂ ಕಿತ್ತುಕೊಂಡು ಕೊಟ್ಟಿದ್ದಲ್ಲ, ಅವರೂ ಬಚ್ಚಿಟ್ಟುಕೊಂಡಿದ್ದಲ್ಲ. "ಅವರು ಚೆನ್ನಾಗಿ ಮಾಡ್ತಾರೆ ಬಿಡಿ" ಅಂತ ಎಲ್ಲರೂ ಬಿಟ್ಟರು, ಅಷ್ಟೇ. ಒಂದು ದಿನ ಅವರಿಗೆ ಪಾರ್ಶ್ವವಾಯು ಆಯಿತು. ಮಾತು ನಿಂತುಹೋಯಿತು. ಸಂಘ ಕೊಟ್ಟಿದ್ದ ಒಂದು ಅರ್ಜಿಗೆ ಉತ್ತರ ಕೊಡಬೇಕಾದ ದಿನಾಂಕ ಅವರ ತಲೆಯಲ್ಲಿ ಮಾತ್ರ ಇತ್ತು. ಅದು ದಾಟಿಹೋಯಿತು. ಕೈಸನ್ನೆಯಲ್ಲಿ ಅವರು ಏನೋ ಹೇಳಲು ಒದ್ದಾಡುತ್ತಿದ್ದುದು ಅದನ್ನೇ ಅಂತ ನಮಗೆ ಗೊತ್ತಾಗಿದ್ದು ತಿಂಗಳಾದ ಮೇಲೆ. ಈಗಲೂ ನೆನೆದರೆ ಹೊಟ್ಟೆ ಹಿಂಡುತ್ತದೆ. ಸಂಘಕ್ಕೆ ನಷ್ಟವಾಯಿತು ನಿಜ. ಅವರಿಗೆ ಅದಕ್ಕಿಂತ ದೊಡ್ಡ ನೋವಾಯಿತು.

ಹಾಗಾಗಿ ನಿಮ್ಮ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ನೋಡೋಣ. ಅಧ್ಯಕ್ಷರನ್ನು ಇಳಿಸಬೇಕೇ ಅನ್ನುವುದು ಆಮೇಲೆ. ಅವರೊಬ್ಬರ ತಲೆಯಲ್ಲಿ, ಅವರೊಬ್ಬರ ಮನೆಯಲ್ಲಿ ಇರುವ ಕೆಲಸ ನಾಲ್ಕು ಜನರ ಕೈಗೆ ಬರಬೇಕು. ಅದು ಮೊದಲು. ಕೆಲಸ ಕೈ ಬದಲಾಗದೆ ಕುರ್ಚಿ ಮಾತ್ರ ಬದಲಾದರೆ ಏನಾಗುತ್ತದೆ ಅನ್ನುವುದಕ್ಕೆ ಹೊರಗಿನ ಒಂದು ಉದಾಹರಣೆ ಇದೆ.

ಸ್ಲೊವೇನಿಯಾದಲ್ಲಿ ಪಿಂಚಣಿದಾರರದ್ದೇ ಒಂದು ಪಕ್ಷ ಇತ್ತು, ಡೆಸುಸ್ ಅಂತ. ಸಣ್ಣ ಪಕ್ಷವಾದರೂ ಹಲವು ಸರ್ಕಾರಗಳಲ್ಲಿ ಪಾಲುದಾರ. ಕಾರ್ಲ್ ಎರ್ಯಾವೆಕ್ ಎನ್ನುವವರು 2005ರಿಂದ 15 ವರ್ಷ ಅದನ್ನು ನಡೆಸಿದರು. 2020ರ ಜನವರಿಯಲ್ಲಿ ಸದಸ್ಯರು ಅಲೆಕ್ಸಾಂದ್ರಾ ಪಿವೆಕ್ ಅವರನ್ನು ಗೆಲ್ಲಿಸಿದರು. ಅದೇ ಸೆಪ್ಟೆಂಬರ್ ಹೊತ್ತಿಗೆ ಒಳಜಗಳದಲ್ಲಿ ಅವರು ಹೊರಗಾದರು. ವರ್ಷ ಮುಗಿಯುವ ಮೊದಲೇ ಎರ್ಯಾವೆಕ್ ಅವರೇ ಮತ್ತೆ ಅದೇ ಕುರ್ಚಿಗೆ ಬಂದರು. 2022ರ ಚುನಾವಣೆಯಲ್ಲಿ ಆ ಪಕ್ಷಕ್ಕೆ ಸಂಸತ್ತಿನಲ್ಲಿ ಒಂದು ಸ್ಥಾನವೂ ಸಿಗಲಿಲ್ಲ. ಸೋಲಿಗೆ ಬೇರೆ ಕಾರಣಗಳೂ ಇದ್ದವು. ಆದರೆ ಹಿರಿಯರಿಗಾಗಿ ಇದ್ದ ಒಂದು ಪಕ್ಷ ಸಂಸತ್ತಿನಲ್ಲಿದ್ದ ಕೊನೆಯ ವರ್ಷಗಳು ಯಾರು ಕೂರಬೇಕು ಅನ್ನುವ ಜಗಳದಲ್ಲೇ ಕಳೆದವು ನೋಡಿ.

ನೆದರ್ಲ್ಯಾಂಡ್ಸ್‌ನಲ್ಲಿ ಇದಕ್ಕಿಂತ ಬೇಗ ಆಯಿತು. ಅಲ್ಲಿ 1993ರ ಕೊನೆಯಲ್ಲಿ ಹಿರಿಯರ ಪಕ್ಷವೊಂದು ಹುಟ್ಟಿತು. ವೃದ್ಧಾಪ್ಯ ಪಿಂಚಣಿಗೆ ಕತ್ತರಿ ಬೀಳುತ್ತದೆ ಅನ್ನುವ ಭಯ ಜನರಲ್ಲಿತ್ತು. 1994ರ ಮೇ ತಿಂಗಳಲ್ಲಿ 150 ಸ್ಥಾನಗಳ ಸಂಸತ್ತಿನಲ್ಲಿ 6 ಸ್ಥಾನ ಬಂದವು. ಅದು ಸುಮ್ನೆ ಮಾತಲ್ಲ. ಆದರೆ ಹೆಚ್ಚು ಕಾಲವಾಗುವ ಮೊದಲೇ ಆರು ಜನ ಒಡೆದು ಹಂಚಿಹೋದರು. ನಾಯಕಿಯೇ ಗುಂಪಿನಿಂದ ಹೊರಗಾದರು. 1998ರಲ್ಲಿ ಎಲ್ಲ ಸ್ಥಾನವೂ ಹೋಯಿತು. ಒಟ್ಟಿಗೆ ಕೂತು ಕೆಲಸ ಮಾಡಿ ಅಭ್ಯಾಸವೇ ಇಲ್ಲದವರಿಗೆ ಗೆಲುವು ಮೊದಲು ಬಂದುಬಿಟ್ಟಿತು ಅಂತ ನನಗೆ ಅನಿಸುತ್ತದೆ.

ಇವು ದೇಶದ ಮಟ್ಟದ ಕಥೆ, ನಮ್ಮದು 60 ಜನರ ಕ್ಲಬ್ ಅಂತ ನೀವು ಹೇಳಬಹುದು. ಸರಿ, ಕ್ಲಬ್ಬಿನ ಕಥೆಗೇ ಬರುತ್ತೇನೆ. ಪತ್ರಿಕೆಯವನಾದ ನನಗೆ ಇದು ತುಂಬಾ ಇಷ್ಟದ್ದು. ಏಕೆಂದರೆ ಶುರುವಾಗಿದ್ದೇ ಸಂಪಾದಕರಿಗೆ ಬರೆದ ಒಂದು ಪತ್ರದಿಂದ.

1933ರಲ್ಲಿ ಅಮೆರಿಕದಲ್ಲಿ ಮಹಾ ಆರ್ಥಿಕ ಕುಸಿತದ ಕಾಲ. ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್‌ನಲ್ಲಿ ಫ್ರಾನ್ಸಿಸ್ ಟೌನ್‌ಸೆಂಡ್ ಎನ್ನುವ ವೈದ್ಯರು, 66 ವರ್ಷ, ಊರಿನ ಪತ್ರಿಕೆಗೆ ಬರೆದರು. 60 ದಾಟಿ ಕೆಲಸ ಬಿಟ್ಟವರಿಗೆಲ್ಲ ಸರ್ಕಾರ ಪಿಂಚಣಿ ಕೊಡಲಿ, ಅವರು ಅದನ್ನು ಆ ತಿಂಗಳೇ ಖರ್ಚು ಮಾಡಲಿ, ಆಗ ವ್ಯಾಪಾರವೂ ಏಳುತ್ತದೆ ಅಂತ. ತಿಂಗಳಿಗೆ 200 ಡಾಲರ್ ಅನ್ನುವ ಲೆಕ್ಕ ಬಹಳ ಬೇಗ ಎಲ್ಲರ ಬಾಯಲ್ಲಿ ಬಂತು. ಆ ಲೆಕ್ಕ ಕೂಡುವುದಿಲ್ಲ ಅಂತ ಅರ್ಥಶಾಸ್ತ್ರಜ್ಞರು ಹೇಳಿದರು. ಆದರೂ ಎರಡು ವರ್ಷದೊಳಗೆ ದೇಶದ ಉದ್ದಗಲಕ್ಕೆ ಸಾವಿರಾರು ಟೌನ್‌ಸೆಂಡ್ ಕ್ಲಬ್ಬುಗಳು ಎದ್ದವು. ವಯಸ್ಸಾದವರು ಊರೂರಲ್ಲಿ ಸೇರಿ ಸಹಿ ಸಂಗ್ರಹಿಸಿದರು, ಸಂಸದರಿಗೆ ಮೂಟೆಗಟ್ಟಲೆ ಪತ್ರ ಬರೆದರು. 1935ರ ಆಗಸ್ಟ್ 14ರಂದು ಅಧ್ಯಕ್ಷ ರೂಸ್‌ವೆಲ್ಟ್ ವಯಸ್ಸಾದವರಿಗೆ ಪಿಂಚಣಿ ತಂದ ಸಾಮಾಜಿಕ ಭದ್ರತೆ ಕಾಯ್ದೆಗೆ ಸಹಿ ಹಾಕಿದರು. ಕಾಯ್ದೆ ಬೇರೆ ರೀತಿಯದು, ಟೌನ್‌ಸೆಂಡ್ ಕೇಳಿದ್ದಲ್ಲ. ಆದರೆ ಆ ಕ್ಲಬ್ಬುಗಳ ಒತ್ತಡವೂ ಅದರ ಹಿಂದೆ ಇತ್ತು.

ಆಮೇಲೆ? ಕ್ಲಬ್ಬುಗಳು ಕೆಳಗಿದ್ದವು, ತೀರ್ಮಾನವೆಲ್ಲ ಮೇಲಿತ್ತು. ಸಂಸ್ಥೆ ಕೆಲವೇ ಜನರ ಕೈಯಲ್ಲಿತ್ತು. ಊರಿನ ಸದಸ್ಯರು ಚಂದಾ ಕಟ್ಟಬೇಕು, ನಾಯಕರನ್ನು ಆರಿಸುವ ಹಾಗಿಲ್ಲ. 1936ರಲ್ಲಿ ಸಂಸತ್ತಿನ ಸಮಿತಿ ಲೆಕ್ಕಪತ್ರ ಕೇಳಿತು. ಟೌನ್‌ಸೆಂಡ್ ಜೊತೆ ಸಂಸ್ಥೆ ಕಟ್ಟಿದ ರಾಬರ್ಟ್ ಕ್ಲೆಮೆಂಟ್ಸ್ ಬಿಟ್ಟುಹೋದರು. ಮುಂದೆ ಕ್ಲಬ್ಬುಗಳು ಒಂದೊಂದಾಗಿ ಸೊರಗಿದವು. ಎಷ್ಟೋ ಕಡೆ ಇಸ್ಪೀಟು, ನೃತ್ಯದ ಸಂಜೆಗಳಷ್ಟೇ ಉಳಿದವು. ಟೌನ್‌ಸೆಂಡ್ 1960ರಲ್ಲಿ ತೀರಿಕೊಂಡರು.

ನೀವು ಬರೆದ "ಹುಟ್ಟುಹಬ್ಬದ ಶುಭಾಶಯ" ಓದಿದಾಗ ನನಗೆ ಇದೇ ನೆನಪಾಯಿತು. ಶುಭಾಶಯ ಬೇಡ ಅಂತ ನಾನು ಖಂಡಿತ ಹೇಳುವುದಿಲ್ಲ. ಒಂಟಿಯಾಗಿರುವ ಒಬ್ಬರಿಗೆ ಆ ದಿನ ಒಂದು ಫೋನ್ ಬಂದರೆ ಅದರ ಬೆಲೆಯೇ ಬೇರೆ. ಆದರೆ ರಾಜಕೀಯ ಕ್ಲಬ್ಬಿಗೆ ಜನ ಸೇರಿದ್ದು ಇನ್ನೂ ತಮ್ಮ ಮಾತಿಗೆ ಬೆಲೆ ಇರಲಿ ಅಂತ. ಆ ಆಸೆ ಕೈಬಿಟ್ಟರೆ ಅವರು ಮನೆಯಲ್ಲೇ ಉಳಿಯುತ್ತಾರೆ. ನಿಮ್ಮ 40 ಜನ ಬರದೇ ಇರುವುದು ಕಾಲುನೋವಿಗೆ ಮಾತ್ರ ಇರಲಿಕ್ಕಿಲ್ಲ.

ಹಾಗಾದರೆ ಯಾವ ಕೆಲಸದಿಂದ ಶುರು ಮಾಡುವುದು? ನನ್ನ ಕೇಳಿದರೆ ಮತದಾರರ ಪಟ್ಟಿಯಿಂದ. ಹಿರಿಯರ ಕ್ಲಬ್ಬಿಗೆ ಹೇಳಿ ಮಾಡಿಸಿದ ಕೆಲಸ ಅದು. ವಯಸ್ಸಾದವರ ವಿಳಾಸ ಬದಲಾಗುತ್ತಲೇ ಇರುತ್ತದೆ. ಮಗನ ಮನೆಗೆ ಹೋಗುತ್ತಾರೆ, ಮಗಳ ಮನೆಗೆ ಬರುತ್ತಾರೆ, ದೊಡ್ಡ ಮನೆ ಬಿಟ್ಟು ಚಿಕ್ಕದಕ್ಕೆ ಇಳಿಯುತ್ತಾರೆ. ಹೆಸರು ಹಳೆಯ ಕಡೆಯೇ ಉಳಿದಿರುತ್ತದೆ, ಇಲ್ಲವೇ ಅಳಿಸಿಹೋಗಿರುತ್ತದೆ. ಇದು ಮತದಾನದ ದಿನವೇ ಗೊತ್ತಾದರೆ ಏನೂ ಮಾಡಲಾಗುವುದಿಲ್ಲ. ಚುನಾವಣೆ ದೂರ ಇರುವಾಗಲೇ ನೋಡಬೇಕು. ಇದಕ್ಕೆ ಮನೆಯಿಂದ ಹೊರಗೆ ಬರುವ ಅಗತ್ಯವೂ ಇಲ್ಲ. ಒಬ್ಬೊಬ್ಬರಿಗೆ ಹತ್ತು ಹೆಸರು ಕೊಡಿ, ಫೋನ್ ಮಾಡಲಿ. ನಡೆಯಲಾಗದವರಿಗೂ ಕೆಲಸ ಸಿಕ್ಕಿತು ಅಲ್ವಾ? ಜೊತೆಗೇ ಕೇಳಿಕೊಳ್ಳಬಹುದು: ಮತಗಟ್ಟೆಗೆ ಹೋಗಲು ಗಾಡಿ ಬೇಕಾ, ಮೆಟ್ಟಿಲು ಹತ್ತಲು ಆಗುತ್ತಾ, ಜೊತೆಗೆ ಯಾರಾದರೂ ಬರಬೇಕಾ. ಮೂರು ತಿಂಗಳಲ್ಲಿ ನಿಮ್ಮ ಹತ್ತಿರ ಯಾವ ಪಕ್ಷದ ಕಚೇರಿಯಲ್ಲೂ ಇಲ್ಲದಷ್ಟು ಮಾಹಿತಿ ಇರುತ್ತದೆ. ಅದನ್ನು ಜೋಪಾನವಾಗಿಡಿ, ಯಾವ ಅಭ್ಯರ್ಥಿ ಕೇಳಿದರೂ ಕೊಡಬೇಡಿ.

ಅಭ್ಯರ್ಥಿಗಳ ಜೊತೆ ಮಾತುಕತೆಯನ್ನು ಮತ್ತೆ ಶುರು ಮಾಡುವುದಾದರೆ ಹಗಲು ಹೊತ್ತಲ್ಲಿ ಇಡಿ. ರಾತ್ರಿ ಸಭೆಗೆ ಬರಲು ಬಹಳ ಜನಕ್ಕೆ ಕಣ್ಣಿನ ತೊಂದರೆ. ಪ್ರಶ್ನೆಗಳನ್ನು ಮೊದಲೇ ಚೀಟಿಯಲ್ಲಿ ಬರೆಸಿಕೊಳ್ಳಿ, ಎಲ್ಲರಿಗೂ ಒಂದೇ ಅಳತೆಯ ಸಮಯ ಕೊಡಿ, ಗಡಿಯಾರ ನೋಡಲು ಒಬ್ಬರನ್ನು ಕೂರಿಸಿ. ಮೈಕ್ ಇರಲೇಬೇಕು. ಕೇಳಿಸದಿದ್ದರೂ ತಲೆಯಾಡಿಸುವವರು ನಮ್ಮಲ್ಲಿ ಜಾಸ್ತಿ. ಇನ್ನೊಂದು ಮಾತು. ನಿಮ್ಮ ಪಕ್ಷದ ಅಭ್ಯರ್ಥಿಗೇ ಕಷ್ಟದ ಪ್ರಶ್ನೆ ಕೇಳಿ. ಚಪ್ಪಾಳೆಗೆ ಮಾತ್ರ ಸಿಗುವ ಕ್ಲಬ್ಬನ್ನು ಪಕ್ಷದವರು ಚುನಾವಣೆ ಮುಗಿದ ಮರುದಿನ ಮರೆಯುತ್ತಾರೆ.

ಈ ಕೆಲಸಗಳನ್ನು ಯಾರು ಯಾರು ಹೊರುತ್ತಾರೋ, ಮುಂದಿನ ಪದಾಧಿಕಾರಿಗಳು ಅವರಲ್ಲೇ ಇರುತ್ತಾರೆ. ಆಗ ಹೆಸರು ಸೂಚಿಸುವಾಗ ಯಾರ ಗುಂಪು ಅನ್ನುವುದಕ್ಕಿಂತ ಯಾರು ಏನು ಮಾಡಿದರು ಅನ್ನುವುದು ಮೊದಲು ಬರುತ್ತದೆ.

ಈಗ ಅಧ್ಯಕ್ಷರ ವಿಷಯ. ಅವರು ಎದ್ದು ಹೋಗಿದ್ದಕ್ಕೆ ನನಗೆ ಅವರ ಮೇಲೆ ಸಿಟ್ಟಿಲ್ಲ. 14 ವರ್ಷ ಪ್ರತಿ ಸಲವೂ ಅವಿರೋಧ ಆಯ್ಕೆ ಮಾಡಿದ್ದೀರಿ ಅಂತ ನೀವೇ ಬರೆದಿದ್ದೀರಿ. ಅಷ್ಟು ವರ್ಷ ಎರಡನೇ ಹೆಸರನ್ನೇ ಕೇಳದವರಿಗೆ ಅದು ಇದ್ದಕ್ಕಿದ್ದಂತೆ ಕೇಳಿದರೆ ಮುಖಕ್ಕೆ ಹೊಡೆದ ಹಾಗೆ ಆಗುವುದಿಲ್ಲವೇ? ತಪ್ಪು ಅವರದ್ದೂ ಅಲ್ಲ, ಹೆಸರು ಸೂಚಿಸಿದವರದ್ದೂ ಅಲ್ಲ. ನಿಮ್ಮ ಬೈಲಾದಲ್ಲಿ ಅವಧಿಯ ಮಿತಿಯೇ ಇಲ್ಲ. ಎರಡು ವರ್ಷದ ಅವಧಿ, ಸತತ ಎರಡು ಸಲ, ಆಮೇಲೆ ಬಿಡುವು ಅಂತ ಬರೆದಿದ್ದರೆ ಯಾರೂ ಯಾರನ್ನೂ ಇಳಿಸಬೇಕಾಗಿರಲಿಲ್ಲ. ಅವಧಿ ಮುಗಿಯಿತು, ಹಾರ ಹಾಕಿ ಕಳಿಸಿಕೊಡಿ, ಅಷ್ಟೇ. ಈ ತಿದ್ದುಪಡಿಯನ್ನು ಅವರಿಂದಲೇ ಮಂಡಿಸಲು ಆದರೆ ಬಹಳ ಒಳ್ಳೆಯದು. ಕಟ್ಟಿದವರೇ ನಿಯಮ ಮಾಡಿದ ಹಾಗೆ ಆಗುತ್ತದೆ. ತಿದ್ದುಪಡಿಗೆ ಎಷ್ಟು ದಿನ ಮುಂಚೆ ನೋಟಿಸ್ ಕೊಡಬೇಕು, ಕೋರಂ ಎಷ್ಟು ಅನ್ನುವುದನ್ನು ಬೈಲಾದಲ್ಲಿ ನೋಡಿಕೊಂಡೇ ಮುಂದುವರಿಯಿರಿ. ಆತುರಕ್ಕೆ ಬಿಟ್ಟ ಒಂದು ಸಣ್ಣ ನಿಯಮವೇ ಎರಡು ಗುಂಪಿನ ಜಗಳಕ್ಕೆ ತುಪ್ಪ ಸುರಿಯುತ್ತದೆ. ಪೈಪೋಟಿ ಬಂದರೆ ಗುಪ್ತ ಮತದಾನ ಇರಲಿ. ಕೈ ಎತ್ತಿಸಿದರೆ ಸ್ನೇಹ ಉಳಿಯುವುದಿಲ್ಲ.

ಗೌರವಾಧ್ಯಕ್ಷ ಅನ್ನುವ ಪಟ್ಟ ಕೊಟ್ಟು ಸುಮ್ಮನಾಗೋಣ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ನನಗೆ ಅದು ಹಿಡಿಸುವುದಿಲ್ಲ. ಕೆಲಸವಿಲ್ಲದ ಪಟ್ಟ ಅವರಿಗೂ ಗೊತ್ತಾಗುತ್ತದೆ. ಅವರಿಗೇ ಬರುವ ಕೆಲಸ ಕೊಡಿ. ಹೊಸದಾಗಿ ಸೇರಿದವರ ಜೊತೆ ಮೊದಲ ಮಾತು ಅವರದ್ದಿರಲಿ, ಕ್ಲಬ್ ಯಾಕೆ ಕಟ್ಟಿದೆವು ಅಂತ ಅವರೇ ಹೇಳಲಿ. ಆದರೆ ಹೊಸ ಅಧ್ಯಕ್ಷರ ಪಕ್ಕದಲ್ಲಿ ವೇದಿಕೆ ಮೇಲೆ ಅವರನ್ನು ಆರು ತಿಂಗಳಾದರೂ ಕೂರಿಸಬೇಡಿ. ಜನ ಮಾತಾಡುವುದು ಹೊಸಬರಿಗೆ, ನೋಡುವುದು ಹಳಬರ ಮುಖ ಆಗಿಬಿಡುತ್ತದೆ.

ನೀವು ನಿಲ್ಲಬೇಕೇ? ನಿಲ್ಲಿ ಅಂತಲೇ ನನ್ನ ಮಾತು. 71 ತಡವಾಯಿತು ಅಂತ ನೀವು ಬರೆದಿದ್ದು ನನಗೆ ಒಪ್ಪಿಗೆ ಇಲ್ಲ. ಮ್ಯಾಗಿ ಕುನ್ ಎನ್ನುವ ಅಮೆರಿಕದ ಮಹಿಳೆ ಚರ್ಚ್ ಸಂಸ್ಥೆಯೊಂದರಲ್ಲಿ ದುಡಿಯುತ್ತಿದ್ದರು. 1970ರಲ್ಲಿ, 65 ಆಯಿತು ಅನ್ನುವ ಒಂದೇ ಕಾರಣಕ್ಕೆ ಅವರನ್ನು ಮನೆಗೆ ಕಳಿಸಿದರು. ಅದೇ ವರ್ಷ ಅವರು ಕೆಲವು ಗೆಳತಿಯರನ್ನು ಸೇರಿಸಿ ಶುರು ಮಾಡಿದ ಗುಂಪೇ ಮುಂದೆ ಗ್ರೇ ಪ್ಯಾಂಥರ್ಸ್ ಅಂತ ಹೆಸರಾಯಿತು. ಕಡ್ಡಾಯ ನಿವೃತ್ತಿಯ ವಿರುದ್ಧ ಅವರು ಹೋರಾಡಿದರು. 1986ರಲ್ಲಿ ಅಲ್ಲಿ ಬಹುತೇಕ ಕೆಲಸಗಳಿಗೆ ಆ ನಿಯಮ ಹೋಯಿತು, ಆಗ ಅವರಿಗೆ 81. ಅವರ ಗುಂಪಿನಲ್ಲಿ ಹರೆಯದವರೂ ಇದ್ದರು. ನಿಮ್ಮ ಬೈಲಾ 60 ದಾಟಿದವರಿಗೆ ಮಾತ್ರ ಸದಸ್ಯತ್ವ ಅನ್ನುತ್ತದಂತೆ. ಮತದ ಹಕ್ಕು ಬೇಡ, ಸಹ ಸದಸ್ಯರು ಅಂತ ನಾಲ್ಕು ಜನ ಕಿರಿಯರನ್ನು ಸೇರಿಸಿಕೊಳ್ಳಲು ಏನಡ್ಡಿ? ಪಟ್ಟಿ ಟೈಪ್ ಮಾಡಲು, ಗಾಡಿ ಓಡಿಸಲು ಅವರು ಬೇಕೇ ಬೇಕು.

ನಿಲ್ಲುವ ಮೊದಲು ಒಂದು ಷರತ್ತು ಹಾಕಿಕೊಳ್ಳಿ. ಕಾರ್ಯದರ್ಶಿ ಕೆಲಸವನ್ನು ಬೇರೆಯವರಿಗೆ ಪೂರ್ತಿ ಬಿಟ್ಟುಕೊಡಿ. ಸದಸ್ಯರ ಪಟ್ಟಿ ಮೂವರ ಹತ್ತಿರ ಇರಲಿ, ಚೆಕ್ಕಿಗೆ ಇಬ್ಬರ ಸಹಿ ಇರಲಿ, ವಾಟ್ಸ್ಆ್ಯಪ್ ಗುಂಪಿಗೆ ಇಬ್ಬರಾದರೂ ಅಡ್ಮಿನ್ ಇರಲಿ. ಇಲ್ಲದಿದ್ದರೆ ಇನ್ನು ಹತ್ತು ವರ್ಷಕ್ಕೆ ಇನ್ನೊಬ್ಬ ಕಾರ್ಯದರ್ಶಿ ನಿಮ್ಮ ಬಗ್ಗೆ ನನಗೆ ಇದೇ ಪತ್ರ ಬರೆಯುತ್ತಾರೆ.

ಮುಂದಿನ ಸಭೆಗೆ ಇನ್ನೂ ಐದು ವಾರ ಇದೆ ಅಂದಿದ್ದೀರಿ. ಈ ವಾರವೇ ಅಧ್ಯಕ್ಷರ ಮನೆಗೆ ಹೋಗಿ ಬನ್ನಿ. ಒಬ್ಬರೇ ಹೋಗಿ, ಗುಂಪು ಕಟ್ಟಿಕೊಂಡು ಬೇಡ. ಚುನಾವಣೆಯ ಮಾತು ಎತ್ತಬೇಡಿ. ಒಂದು ಖಾಲಿ ನೋಟ್‌ಬುಕ್ ಜೊತೆಗಿರಲಿ. "ಆ ಡೈರಿ ಕೊಡಿ, ನೀವು ಓದಿ ಹೇಳಿ, ನಾನು ಬರೆದುಕೊಳ್ತೀನಿ" ಅಂತ ಕೇಳಿ. 60 ಹೆಸರು ಮುಗಿಯಲು ಒಂದು ಮಧ್ಯಾಹ್ನ ಬೇಕು. ಪ್ರತಿ ಹೆಸರಿಗೂ ಅವರ ಹತ್ತಿರ ಒಂದೊಂದು ಕಥೆ ಇರುತ್ತದೆ. ಅದನ್ನೂ ಬರೆದುಕೊಳ್ಳಿ.

ಸಂಪಾದಕ