ಗಂಜಾಂ ತೊಟ್ಟಿ ಮನೆ: ಕೆಡವೋದಾ, ಉಳಿಸೋದಾ?

ಪ್ರಶ್ನೆ: ಸರ್, ಶ್ರೀರಂಗಪಟ್ಟಣದ ಗಂಜಾಂನಲ್ಲಿ ರಸ್ತೆಗೆ ಅಂಟ್ಕೊಂಡ ಹಾಗೇ ನಮ್ ತಾತನ ಕಾಲದ ತೊಟ್ಟಿ ಮನೆ ಇದೆ, ಮಣ್ಣಿನ ಗೋಡೆ. ಸಿಮೆಂಟ್ ಪ್ಲಾಸ್ಟರ್ ಮಾಡಿಸಿದ್ವಿ, ಒಂದೆರಡು ಮಳೆಗಾಲಕ್ಕೇ ಹಪ್ಪಳದ ಥರ ಎದ್ದು ಬೀಳ್ತಿದೆ. ಅಣ್ಣ ಕೆಡವಿ ಕಾಂಪ್ಲೆಕ್ಸ್ ಕಟ್ಸೋಣ ಅಂತಾನೆ. ಸ್ಮಾರಕದ ಹತ್ರ ಇರೋದ್ರಿಂದ ರಿಪೇರಿಗೂ ಪರ್ಮಿಷನ್ ಕೊಡಲ್ವಂತೆ, ನಿಜಾನಾ?
– ಓದುಗರು, ಗಂಜಾಂ

ಉತ್ತರ: ದಯವಿಟ್ಟು ಕೆಡವಬೇಡಿ. ನಿಮ್ಮ ಗೋಡೆ ಕೆಟ್ಟಿಲ್ಲ, ಹೊದಿಸಿರೋದು ಕೆಟ್ಟದ್ದು. ಮಣ್ಣಿನ ಗೋಡೆ ನೆಲದಿಂದ ತೇವ ಎಳ್ಕೊಳ್ಳುತ್ತೆ, ಹಳೇ ಸುಣ್ಣದ ಗಾರೆ ಇದ್ದಾಗ ಅದು ಹಾಗೇ ಆರಿ ಹೋಗ್ತಿತ್ತು, ಸಿಮೆಂಟ್ ಮೆತ್ತಿದ್ರೆ ನೀರು ಹೊರಗೆ ಹೋಗೋಕೆ ದಾರಿನೇ ಇಲ್ಲ, ಒಳಗೇ ನಿಂತು ಮಣ್ಣು ಸಡಿಲ ಆಗಿ ಪ್ಲಾಸ್ಟರ್ ಸಮೇತ ಕಳಚ್ಕೊಳ್ಳುತ್ತೆ. ನಿಧಾನಕ್ಕೆ ಕೆತ್ತಿಸಿ, ಗೋಡೆ ಪೂರ್ತಿ ಒಣಗೋಕೆ ಬಿಟ್ಟು, ಆಮೇಲೆ ಸುಣ್ಣ-ಮರಳಿನ ಗಾರೆ ಮಾಡ್ಸಿ, ಮೇಲೆ ಸುಣ್ಣನೇ ಬಳಿಸಿ, ಪ್ಲಾಸ್ಟಿಕ್ ಪೇಂಟ್ ಬೇಡ. ಆದ್ರೆ ಅದಕ್ಕೂ ಮೊದಲು ಸೂರು ನೋಡಿ! ತೊಟ್ಟಿಯ, ಅಂದ್ರೆ ನಡುವಿನ ತೆರೆದ ಅಂಗಳದ, ನಾಲ್ಕೂ ಮೂಲೆಗಳಲ್ಲಿ ಎರಡು ಬದಿಯ ಹೆಂಚು ಒಂದಕ್ಕೊಂದು ಸೇರೋ ಜಾಗ ಇದೆಯಲ್ಲ, ಸೋರೋದು ಹೆಚ್ಚಾಗಿ ಅಲ್ಲೇ, ಅಲ್ಲಿಂದ ತೊಲೆ ಒದ್ದೆಯಾಗಿ ಗೆದ್ದಲು ಹಿಡಿಯುತ್ತೆ.

ಪರ್ಮಿಷನ್ ವಿಷಯ ನೀವು ಕೇಳಿರೋದಕ್ಕೆ ಉಲ್ಟಾ ಇದೆ. ಕೇಂದ್ರ ಪುರಾತತ್ವ ಇಲಾಖೆ ರಕ್ಷಣೆಯಲ್ಲಿರೋ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ನಿಷೇಧ, ಆಮೇಲಿನ 200 ಮೀಟರ್‌ನಲ್ಲಿ ಅನುಮತಿ ಬೇಕು, ಇದು ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿ. ಆದ್ರೆ 1992ರ ಜೂನ್ 16ಕ್ಕಿಂತ ಮೊದಲೇ ಇದ್ದ ಮನೆಯ ರಿಪೇರಿಗೆ ಸಕ್ಷಮ ಪ್ರಾಧಿಕಾರಕ್ಕೆ (ಇಂಥ ಅನುಮತಿ ಕೊಡೋಕೆ ನೇಮಿಸಿರೋ ಅಧಿಕಾರಿಗೆ) ಅರ್ಜಿ ಹಾಕಬಹುದು. ಮನೆ ಆ 100 ಮೀಟರ್ ಒಳಗಿದ್ರೆ ಅನುಮತಿ ಸಿಗದೇ ಇರೋದು ಅಣ್ಣನವರ ಕಾಂಪ್ಲೆಕ್ಸ್‌ಗೆ, ನಿಮ್ಮ ರಿಪೇರಿಗೆ ದಾರಿ ಇದೆ. ಮೊದಲು ದೂರ ಅಳತೆ ಮಾಡಿಸಿ, ಮನೆ ಅಷ್ಟು ಹಳೇದು ಅಂತ ತೋರಿಸೋಕೆ ಹಳೇ ಖಾತೆ, ಕಂದಾಯದ ರಸೀದಿ, ಫೋಟೋ ಎಲ್ಲ ಹುಡುಕಿ ಇಟ್ಕೊಳಿ.

ಗಂಜಾಂ ಅಂದ್ರೆ ಸುಮ್ನೆ ಅಲ್ಲ. ಟಿಪ್ಪು ಶಿರಾದಿಂದ ಕುಟುಂಬಗಳನ್ನ ಕರೆತಂದು ನೆಲೆಗೊಳಿಸಿದ ಪೇಟೆ ಅದು. ಪಕ್ಕದಲ್ಲೇ ಇರೋ 1784ರ ದರಿಯಾ ದೌಲತ್ ಅರಮನೆ ಹೆಚ್ಚಾಗಿ ತೇಗದ ಮರದ್ದೇ, ನೋಡ್ಕೊಂಡಿದ್ದಕ್ಕೆ ಇವತ್ತಿಗೂ ನಿಂತಿದೆ. ಅರಮನೆಗೆ ಕಾವಲು ಇದೆ, ಜನ ಬದುಕಿದ ಬೀದಿ ಮನೆಗಳಿಗೆ ಯಾರಿದಾರೆ ಹೇಳಿ, ನೀವೇ ತಾನೇ.

ಅಣ್ಣನವರಿಗೆ ಬಾಡಿಗೆ ಬೇಕು ಅನ್ನೋದೂ ನ್ಯಾಯವೇ. ಎಕ್ಸ್‌ಪ್ರೆಸ್‌ವೇ ಬಂದ್ಮೇಲೆ ಹಾದುಹೋಗೋ ಗಾಡಿಗಳು ಊರೊಳಗೆ ಕಮ್ಮಿಯಾದ್ರೂ ನಿಮಿಷಾಂಬ ದೇವಸ್ಥಾನಕ್ಕೆ ಬರೋ ಜನ ಬಂದೇ ಬರ್ತಾರೆ. ಜಗುಲಿ ಪಕ್ಕದ ಮುಂದಿನ ಕೋಣೆನ ಗೋಡೆ ಒಡೀದೆ ಹೂವು-ಹಣ್ಣಿನ ಅಂಗಡಿಗೋ ಕಾಫಿ ಅಂಗಡಿಗೋ ಕೊಟ್ಟು ನೋಡಿ, ಆ ಬಾಡಿಗೆಯಿಂದ ಮೊದಲು ಸೂರಿನ ಕೆಲಸ ಮುಗಿಸ್ಕೊಳಿ.