ಆಡಿ ಟಿಟಿಗೆ ಕಾಯಿಲೋವರ್: ಎಷ್ಟು ತಗ್ಗಿಸಬೇಕು, ಹೇಗೆ ಹೊಂದಿಸಬೇಕು?

ಮಣಿಪಾಲದಲ್ಲಿರುವ ನೀವು ಎರಡನೇ ತಲೆಮಾರಿನ ಆಡಿ ಟಿಟಿ ಕೊಂಡು ಅದಕ್ಕೆ ಕಾಯಿಲೋವರ್ ಕಿಟ್ (ಕಾರಿನ ಎತ್ತರ ಹೊಂದಿಸಬಹುದಾದ ಸ್ಪ್ರಿಂಗ್ ಮತ್ತು ಶಾಕ್‌ಗಳ ಜೋಡಿ) ತರಿಸಿದ್ದೀರಿ. ಕಾರನ್ನು 40 ಮಿಲಿಮೀಟರ್ ತಗ್ಗಿಸಬಹುದೇ, ಜೋಡಿಸುವಾಗ ಏನನ್ನು ಗಮನಿಸಬೇಕು, ಆಮೇಲೆ ಹೇಗೆ ಹೊಂದಿಸಬೇಕು ಎಂದು ಕೇಳಿದ್ದೀರಿ. ಅದೇ ತಲೆಮಾರಿನ ಟಿಟಿಯನ್ನು ನಾನು ಉಡುಪಿಯಲ್ಲಿ ಓಡಿಸುತ್ತಿದ್ದೇನೆ. ಈ ಕೆಲಸವನ್ನು ಒಮ್ಮೆ ತಪ್ಪಾಗಿಯೂ ಇನ್ನೊಮ್ಮೆ ಸರಿಯಾಗಿಯೂ ಮಾಡಿಸಿದ ಅನುಭವ ನನಗಿರುವುದರಿಂದ ವಿವರವಾಗಿಯೇ ಬರೆಯುತ್ತೇನೆ.

ಮೊದಲನೆಯದಾಗಿ, 40 ಮಿಲಿಮೀಟರ್ ಬೇಡ. 20ರಿಂದ 25ಕ್ಕೆ ನಿಲ್ಲಿಸಿ. ಹಂಪ್‌ಗೆ ಕಾರಿನ ಹೊಟ್ಟೆ ಉಜ್ಜುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವ ಕಾರಣ. ಅದಕ್ಕಿಂತ ದೊಡ್ಡ ಕಾರಣವೆಂದರೆ, ಕಾರು ತಗ್ಗಿದಷ್ಟೂ ಚಕ್ರ ಮೇಲಕ್ಕೆ ಚಲಿಸಲು ಉಳಿಯುವ ಜಾಗ ಕಡಿಮೆಯಾಗುತ್ತದೆ. ತಿರುವಿನಲ್ಲಿ ಭಾರವೆಲ್ಲ ಹೊರಗಿನ ಚಕ್ರದ ಮೇಲೆ ಬಿದ್ದಾಗ ಶಾಕ್ ಅಬ್ಸಾರ್ಬರ್ ತನ್ನ ರಬ್ಬರ್ ತಡೆಗೆ ಹೋಗಿ ಕೂತರೆ, ಅಲ್ಲಿಯವರೆಗೆ ಮೆತ್ತಗಿದ್ದ ಸಸ್ಪೆನ್ಶನ್ ಒಮ್ಮೆಲೇ ಕಲ್ಲಿನಂತಾಗುತ್ತದೆ ಮತ್ತು ಆ ಬದಿಯ ಟಯರ್ ಹಿಡಿತ ಬಿಡುತ್ತದೆ. ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳಲ್ಲಿ ಯಾವುದಾದರೊಂದರಲ್ಲಿ, ಅದೂ ಜುಲೈ ತಿಂಗಳ ಮಳೆಯಲ್ಲಿ, ಹೀಗಾಗುವುದನ್ನು ನೀವು ಖಂಡಿತ ಬಯಸುವುದಿಲ್ಲ. ಅತಿಯಾಗಿ ತಗ್ಗಿಸಿದಾಗ ಚಕ್ರವನ್ನು ಕಾರಿಗೆ ಜೋಡಿಸುವ ಮುಂದಿನ ಲೋವರ್ ಆರ್ಮ್‌ಗಳ ಕೋನವೂ ಕೆಡುವುದರಿಂದ, ನೋಡಲು ನೆಲಕ್ಕಂಟಿದಂತಿರುವ ಕಾರು ತಿರುವಿನಲ್ಲಿ ಹೆಚ್ಚು ವಾಲುವ ಸಾಧ್ಯತೆಯೂ ಇದೆ.

ಕೆಲಸಕ್ಕೆ ಇಳಿಯುವ ಮುನ್ನ ನಿಮ್ಮ ಕಾರಿನಲ್ಲಿ ಮ್ಯಾಗ್ನೆಟಿಕ್ ರೈಡ್ (ವಿದ್ಯುತ್ತಿನಿಂದ ಗಡಸುತನ ಬದಲಾಗುವ ಶಾಕ್‌ಗಳ ವ್ಯವಸ್ಥೆ) ಇದೆಯೇ ಎಂದು ನೋಡಿಕೊಳ್ಳಿ. ಇದ್ದರೆ ಮೂಲ ಶಾಕ್‌ಗಳಿಗೆ ವಿದ್ಯುತ್ ಸಂಪರ್ಕವಿರುತ್ತದೆ. ಅವನ್ನು ಸುಮ್ಮನೆ ಕಳಚಿದರೆ ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆಯ ದೀಪ ಉಳಿದುಬಿಡುತ್ತದೆ. ವಿಮಾ ಸಂಸ್ಥೆಯನ್ನೂ ಸಾರಿಗೆ ಕಚೇರಿಯನ್ನೂ ಮೊದಲೇ ಲಿಖಿತವಾಗಿ ಕೇಳಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸವಾಗುವ ಮಾರ್ಪಾಡುಗಳನ್ನು ನಿರ್ಬಂಧಿಸುತ್ತದೆ.

ಸ್ಪ್ರಿಂಗ್ ಮತ್ತು ಶಾಕ್ ಒಂದೇ ಕಂಬದಂತೆ ಜೋಡಿಸಿರುವ ಮುಂದಿನ ಸ್ಟ್ರಟ್‌ನ ಮೇಲ್ತುದಿಯ ಬೋಲ್ಟ್‌ಗಳು ಈ ಕಾರಿನಲ್ಲಿ ಗಾಜಿನ ಬುಡದ ಪ್ಲಾಸ್ಟಿಕ್ ಹೊದಿಕೆಯ ಕೆಳಗೆ ಅಡಗಿರುತ್ತವೆ. ವೈಪರ್ ತೋಳುಗಳನ್ನು ಕಳಚಿದ ಬಳಿಕವೇ ಅವು ಕೈಗೆ ಸಿಗುತ್ತವೆ. ನನ್ನ ಕಾರಿನಲ್ಲಿ ಆ ಹೊದಿಕೆಯ ಕೆಳಗೆ ಎರಡು ಹಿಡಿ ಕೊಳೆತ ಎಲೆಯೂ ಕೆಂಪು ಮಣ್ಣೂ ಸೇರಿ ನೀರು ಹೋಗುವ ತೂತನ್ನೇ ಮುಚ್ಚಿದ್ದವು, ಆದ್ದರಿಂದ ಹೇಗೂ ತೆರೆದಾಗ ಅದನ್ನೂ ಸ್ವಚ್ಛ ಮಾಡಿಸಿ. ಸ್ಟ್ರಟ್‌ನ ಕೆಳತುದಿ ಚಕ್ರದ ಹಬ್ ಕೂರುವ ಭಾಗದೊಳಗೆ ಬಿಗಿಯಾಗಿ ತೂರಿಕೊಂಡಿರುತ್ತದೆ. ಅಲ್ಲಿರುವ ಸೀಳಿಗೆ ಅಗಲಿಸುವ ಉಪಕರಣವನ್ನು ತೂರಿಸಿ ಕಾಲು ಸುತ್ತು ತಿರುಗಿಸಿದರೆ ಅದು ಸಡಿಲವಾಗಿ ಇಳಿಯುತ್ತದೆ. ಉಳಿ ಇಟ್ಟು ಸುತ್ತಿಗೆಯಿಂದ ಬಡಿಯಲು ಯಾರಿಗೂ ಬಿಡಬೇಡಿ. ಬ್ರೇಕ್ ಪೈಪನ್ನೂ ಎಬಿಎಸ್ ತಂತಿಯನ್ನೂ ಮೊದಲೇ ಬಿಡಿಸಿಡಬೇಕು, ವಾಲುವಿಕೆ ತಡೆಯುವ ಕಂಬಿಗೆ ಜೋಡಿಸಿದ ಸ್ಟೆಬಿಲೈಸರ್ ಲಿಂಕ್‌ಗಳನ್ನು ಎರಡೂ ಬದಿಯಲ್ಲಿ ಕಳಚಬೇಕು. ಹೊಸ ಶಾಕ್‌ನ ಮೇಲಿನ ನಟ್ಟಿಗೆ ಇಂಪ್ಯಾಕ್ಟ್ ಗನ್ ಹಿಡಿದರೆ ಒಳಗಿನ ದಂಡ ಗಿರಗಿರನೆ ತಿರುಗಿ ಆಯಿಲ್ ಸೀಲಿಗೆ ಪೆಟ್ಟಾಗುತ್ತದೆ, ಅದನ್ನು ಕೈಯಿಂದಲೇ ಬಿಗಿಮಾಡಿಸಿ. ಒಮ್ಮೆ ಬಳಸಿದ ಮೇಲೆ ಬದಲಿಸಲೇಬೇಕೆಂದು ತಯಾರಕರು ಹೇಳಿರುವ ಬೋಲ್ಟ್‌ಗಳನ್ನು ಹೊಸದಾಗಿಯೇ ತರಿಸಿಕೊಳ್ಳಿ.

ಟಿಟಿಯ ಹಿಂಭಾಗದಲ್ಲಿ ಸ್ಪ್ರಿಂಗ್ ಬೇರೆ, ಶಾಕ್ ಬೇರೆ. ಕಿಟ್‌ನ ಹೆಸರು ಕಾಯಿಲೋವರ್ ಎಂದಿದ್ದರೂ ಅಲ್ಲಿ ಎತ್ತರ ಬದಲಾಗುವುದು ಸ್ಪ್ರಿಂಗ್‌ಗೆ ಒರಗಿರುವ, ಮರೆಯುಳ್ಳ (ತಿರುಪಿನಂತೆ ಸುತ್ತುಗೀರುಗಳಿರುವ) ಬಟ್ಟಲಿನಿಂದ. ಆ ಸ್ಪ್ರಿಂಗ್ ಚಕ್ರಕ್ಕಿಂತ ಒಳಗೆ ಕೂತಿರುವುದರಿಂದ ಬಟ್ಟಲನ್ನು 10 ಮಿಲಿಮೀಟರ್ ಇಳಿಸಿದರೆ ಕಾರಿನ ಹಿಂಭಾಗ ಅದಕ್ಕಿಂತ ಹೆಚ್ಚೇ ಇಳಿಯುತ್ತದೆ. ಮುಂದೆ ಇಷ್ಟು ಸುತ್ತು, ಹಿಂದೆಯೂ ಅಷ್ಟೇ ಸುತ್ತು ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಈಗ ನನ್ನಿಂದಾದ ತಪ್ಪಿನ ವಿಷಯ. ಮೊದಲ ಸಲ ಒಂದು ಗ್ಯಾರೇಜಿನಲ್ಲಿ ಕಾರನ್ನು ಲಿಫ್ಟ್ ಮೇಲೆ ಏರಿಸಿ, ಚಕ್ರಗಳು ಕೆಳಗೆ ಜೋತಿರುವಾಗಲೇ ಆರ್ಮ್‌ಗಳ ಬೋಲ್ಟ್‌ಗಳನ್ನೆಲ್ಲ ಪೂರ್ತಿ ಬಿಗಿಮಾಡಿದರು. ಪಕ್ಕದಲ್ಲೇ ನಿಂತಿದ್ದ ನನಗೂ ಅದು ತಪ್ಪೆಂದು ಹೊಳೆಯಲಿಲ್ಲ. ಆರ್ಮ್ ಕೀಲಿನಲ್ಲಿರುವ ರಬ್ಬರ್ ಬುಷ್‌ನ ಒಳಕೊಳವೆ ಯಾವ ಕೋನದಲ್ಲಿ ಬಿಗಿಯಾಗುತ್ತದೆಯೋ ಅದೇ ಅದಕ್ಕೆ ವಿಶ್ರಾಂತಿಯ ಸ್ಥಿತಿ. ಕಾರು ನೆಲಕ್ಕಿಳಿದ ಕ್ಷಣದಿಂದ ಆ ರಬ್ಬರ್ ಹಗಲೂ ರಾತ್ರಿ ತಿರುಚಿಕೊಂಡೇ ಇರುತ್ತದೆ. ಒಂದು ಮಳೆಗಾಲ ಮುಗಿಯುವಷ್ಟರಲ್ಲಿ ಹಿಂದಿನ ಆರ್ಮ್‌ನಿಂದ ಕಿರ್ ಎಂಬ ಸದ್ದು ಶುರುವಾಯಿತು. ಬಿಚ್ಚಿ ನೋಡಿದಾಗ ಬುಷ್‌ನ ರಬ್ಬರ್ ಕೊಳವೆಯಿಂದ ಅರ್ಧ ಸುತ್ತು ಹರಿದು ಬೇರ್ಪಟ್ಟಿತ್ತು, ಉಗುರು ತೂರಿಸುವಷ್ಟು ಬಾಯಿ ತೆರೆದಿತ್ತು. ಆದ್ದರಿಂದ ಎಲ್ಲ ಬೋಲ್ಟ್‌ಗಳನ್ನೂ ಮೊದಲು ಕೈಬಿಗಿಗೆ ಮಾತ್ರ ತಂದು, ಚಕ್ರಗಳ ಮೇಲೆ ಭಾರ ಬಿದ್ದು ಕಾರು ತನ್ನ ಎತ್ತರಕ್ಕೆ ಕೂತ ಮೇಲೆ ಬಿಗಿಯನ್ನು ಅಳೆದು ತೋರಿಸುವ ಟಾರ್ಕ್ ವ್ರೆಂಚಿನಿಂದ ಕೊನೆಯ ಬಿಗಿ ಕೊಡಬೇಕು. ಗ್ಯಾರೇಜಿನವರಿಗೆ ಬೇರೇನು ಹೇಳದಿದ್ದರೂ ಇದನ್ನು ಹೇಳಿ.

ಎತ್ತರವನ್ನು ನೆಲದಿಂದ ಅಳೆಯಬಾರದು, ಏಕೆಂದರೆ ಟಯರಿನ ಗಾಳಿಯೂ ಸವೆತವೂ ಅದರಲ್ಲಿ ಸೇರುತ್ತವೆ. ಚಕ್ರದ ನಡುಬಿಂದುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ಅಳೆಯಿರಿ, ಕಳಚುವ ಮೊದಲೇ ನಾಲ್ಕೂ ಅಳತೆಗಳನ್ನು ಬರೆದಿಡಿ. ಸಮತಟ್ಟಾದ ಜಾಗದಲ್ಲಿ, ಚಾಲಕನಷ್ಟೇ ತೂಕವನ್ನು ಸೀಟಿನ ಮೇಲಿಟ್ಟು ಅಳೆದರೆ ಇನ್ನೂ ಒಳ್ಳೆಯದು. ನಾನು 25 ಕಿಲೋದ ಮೂರು ಕುಚ್ಚಲಕ್ಕಿ ಚೀಲಗಳನ್ನು ಇಟ್ಟಿದ್ದೆ. ಹೊಸ ಸ್ಪ್ರಿಂಗ್ ಸ್ವಲ್ಪ ಕುಸಿದು ಕೂರುವುದರಿಂದ ನೂರೈವತ್ತು, ಇನ್ನೂರು ಕಿಲೋಮೀಟರ್ ಓಡಿಸಿ ಮತ್ತೊಮ್ಮೆ ಅಳೆದು ಸರಿಪಡಿಸಿದ ಬಳಿಕವೇ ವೀಲ್ ಅಲೈನ್‌ಮೆಂಟ್‌ಗೆ ಕೊಂಡೊಯ್ಯಿರಿ. ಎತ್ತರ ಬದಲಾದಾಗ ಟೋ (ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಬದಲಾಗುತ್ತದೆ, ಟಯರಿನ ಒಳಅಂಚನ್ನು ಬೇಗ ತಿಂದುಹಾಕುವುದು ಸಾಮಾನ್ಯವಾಗಿ ಚಕ್ರದ ವಾಲುಕೋನವಾದ ಕ್ಯಾಂಬರ್‌ಗಿಂತ ಹೆಚ್ಚಾಗಿ ತಪ್ಪಿದ ಟೋ. ಝೆನಾನ್ ದೀಪಗಳಿದ್ದರೆ ಅವುಗಳ ಮಟ್ಟವನ್ನೂ ಮತ್ತೆ ಹೊಂದಿಸಬೇಕು, ಇಲ್ಲವಾದರೆ ಎದುರು ಬರುವವರ ಕಣ್ಣು ಕೋರೈಸುತ್ತದೆ.

ನಿಮ್ಮ ಕಿಟ್‌ನಲ್ಲಿ ಡ್ಯಾಂಪಿಂಗ್ (ಸ್ಪ್ರಿಂಗ್ ಏರಿಳಿತಕ್ಕೆ ಶಾಕ್ ಒಡ್ಡುವ ತಡೆ) ಹೊಂದಿಸುವ ತಿರುಪು ಇದ್ದರೆ ಅದನ್ನು ಅತ್ಯಂತ ಗಟ್ಟಿಯ ತುದಿಗೆ ಮೆಲ್ಲಗೆ ತಿರುಗಿಸಿ, ಅಲ್ಲಿಂದ ಹಿಂದಕ್ಕೆ ಕ್ಲಿಕ್ ಎಣಿಸುತ್ತ ಬನ್ನಿ. ನಡುವಿನಿಂದ ಆರಂಭಿಸಿ, ಒಂದೇ ರಸ್ತೆಯಲ್ಲಿ, ಒಂದೇ ವೇಗದಲ್ಲಿ, ಒಂದು ಸಲಕ್ಕೆ ಎರಡೇ ಕ್ಲಿಕ್, ಅದೂ ಮುಂದೆ ಅಥವಾ ಹಿಂದೆ ಮಾತ್ರ ಬದಲಿಸಿ. ಎಡಬಲ ಯಾವಾಗಲೂ ಸಮನಾಗಿರಲಿ. ನಾನು ಪರೀಕ್ಷೆಗೆ ಆಯ್ದುಕೊಂಡದ್ದು ಘಾಟಿಯನ್ನಲ್ಲ. ಮನೆಯ ಹತ್ತಿರದ, ತೇಪೆ ಹಾಕಿದ ಒಂದು ಕಿಲೋಮೀಟರ್ ರಸ್ತೆಯಲ್ಲಿ ಬೆಳಗಿನ ಹೊತ್ತು 40ರ ವೇಗದಲ್ಲಿ ಓಡಿಸುತ್ತಿದ್ದೆ. ಹಂಪ್ ದಾಟಿದ ಮೇಲೆ ಕಾರು ಎರಡು ಮೂರು ಸಲ ಏರಿಳಿದರೆ ಡ್ಯಾಂಪಿಂಗ್ ಕಡಿಮೆಯಾಗಿದೆ. ಸಾಲು ಸಾಲು ಸಣ್ಣ ಗುಂಡಿಗಳ ಮೇಲೆ ಕಾರು ಹೋಗುತ್ತ ಹೋಗುತ್ತ ಕೆಳಕ್ಕೆ ಜಗ್ಗಿದಂತಾದರೆ, ಸ್ಪ್ರಿಂಗ್ ಮರಳಿ ಹಿಗ್ಗುವಷ್ಟರಲ್ಲೇ ಮುಂದಿನ ಗುಂಡಿ ಬರುತ್ತಿದೆ ಎಂದರ್ಥ, ಆಗ ಮೆತ್ತಗೆ ಮಾಡಬೇಕು.

ಕಡಲ ಹತ್ತಿರ ಇರುವ ನಮಗೆ ಇನ್ನೊಂದು ಕೆಲಸವಿದೆ. ಉಪ್ಪುಗಾಳಿ ಮತ್ತು ಕೆಸರು ಸೇರಿ ಮರೆಗಳ ಮೇಲಿನ, ಎತ್ತರ ಹೊಂದಿಸುವ ಉಂಗುರಗಳನ್ನು ಅಲ್ಲಾಡದಂತೆ ಕಚ್ಚಿಬಿಡುತ್ತವೆ. ಅಲ್ಲಿ ಗ್ರೀಸ್ ಬಳಿದರೆ ಮರಳು ಅಂಟಿಕೊಳ್ಳುತ್ತದೆ. ಒಣಗುವ ಮೇಣದಂಥ ಲೇಪನ ಒಳ್ಳೆಯದು. ಮೇ ತಿಂಗಳ ಕೊನೆಗೆ ಒಮ್ಮೆ ಮರೆಗಳನ್ನು ತೊಳೆದು, ಒಣಗಿಸಿ, ಲೇಪನ ಹಚ್ಚಿ. ಮಳೆ ಬಿಟ್ಟ ಮೇಲೆ ಅಕ್ಟೋಬರಿನಲ್ಲಿ ಸಿಹಿನೀರಿನಿಂದ ತೊಳೆದು, ನೈಲಾನ್ ಬ್ರಷ್‌ನಿಂದ ಉಜ್ಜಿ, ಉಂಗುರವನ್ನು ಒಂದು ಸುತ್ತು ಸಡಿಲಿಸಿ ಮತ್ತೆ ಅದೇ ಗುರುತಿಗೆ ತಂದು ಬಿಗಿಮಾಡಿ.