ಟ್ರ್ಯಾಕ್ ಡೇಗೆ ಹೋಗಬೇಕು, ಕ್ಲಬ್ ಸೇರಲೇಬೇಕಾ?

ಕಾರನ್ನು ರೇಸ್ ಟ್ರ್ಯಾಕ್‌ನಲ್ಲಿ ಓಡಿಸಿ ನೋಡಬೇಕು ಅನ್ನುವ ಆಸೆಯ ಪತ್ರಗಳು ಈ ಸಲ ಜಾಸ್ತಿ ಬಂದಿವೆ. ಟ್ರ್ಯಾಕ್ ಡೇ ಅಂದರೆ ಹಾಗೆ ನಮ್ಮ ಕಾರನ್ನು ರೇಸ್ ಟ್ರ್ಯಾಕಿಗೆ ಇಳಿಸಲು ಅವಕಾಶ ಸಿಗುವ ದಿನ. ಬಂದ ಪತ್ರಗಳಲ್ಲಿ ಆರಕ್ಕೆ ಇಲ್ಲಿ ಉತ್ತರ ಇದೆ.

ಪ್ರಶ್ನೆ: ನನಗೆ 27 ವರ್ಷ, ಬೆಂಗಳೂರಿನಲ್ಲಿ ಕೆಲಸ. ಹ್ಯುಂಡೈ ಐ20 ಎನ್ ಲೈನ್ ಇದೆ. ಭಾನುವಾರ ಬೆಳಗಿನ ಜಾವ ಗೆಳೆಯರ ಜೊತೆ ನಂದಿ ಬೆಟ್ಟದ ಕಡೆ ಹೋಗಿ ಸ್ವಲ್ಪ ವೇಗವಾಗಿ ಓಡಿಸುತ್ತೇವೆ. ಆಫೀಸಿನ ಹಿರಿಯರೊಬ್ಬರು 'ಕಾರ್ ಕ್ಲಬ್ ಸೇರು, ಟ್ರ್ಯಾಕ್ ಡೇಗೆ ಹೋಗು' ಅಂತಿದ್ದಾರೆ. ಕ್ಲಬ್ ಬೇಕೇ ಬೇಕಾ? ದುಡ್ಡು ಕಟ್ಟಿ ನೇರವಾಗಿ ಟ್ರ್ಯಾಕ್‌ಗೆ ಹೋಗಲು ಆಗಲ್ವಾ?

ಉತ್ತರ: ಮೊದಲು ನಂದಿ ಬೆಟ್ಟದ ಮಾತು. ಅದನ್ನು ಇವತ್ತೇ ನಿಲ್ಲಿಸಿ. ಆ ತಿರುವುಗಳ ಆಚೆ ಸೈಕಲ್ ತುಳಿಯುವವರು ಇರುತ್ತಾರೆ, ತೋಟಕ್ಕೆ ಹೊರಟ ಟ್ರ್ಯಾಕ್ಟರ್ ಇರುತ್ತದೆ. ಸಾರ್ವಜನಿಕ ರಸ್ತೆಯಲ್ಲಿ ಪೈಪೋಟಿಗೆ ಬಿದ್ದು ಓಡಿಸಿದರೆ ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಪ್ರಕಾರ 3 ತಿಂಗಳವರೆಗೆ ಜೈಲು, 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಎರಡನೇ ಸಲ ಸಿಕ್ಕಿಬಿದ್ದರೆ 1 ವರ್ಷ, 10,000 ರೂಪಾಯಿ. ಕಾನೂನು ಒತ್ತಟ್ಟಿಗಿರಲಿ, ಎದುರಿಗೆ ಬರುವವರು ನಿಮ್ಮ ಆಟಕ್ಕೆ ಒಪ್ಪಿಕೊಂಡು ಬಂದವರಲ್ಲ. ನಿಮ್ಮ ಹಿರಿಯರು ಹೇಳಿದ್ದು ಸರಿ.

ಈಗ ಕ್ಲಬ್ ವಿಷಯ. ನಮ್ಮಲ್ಲಿ ಒಬ್ಬರೇ ಹೋಗಿ 'ಒಂದು ಗಂಟೆ ಟ್ರ್ಯಾಕ್ ಕೊಡಿ' ಅಂತ ಕೇಳುವುದು ಸುಲಭವಲ್ಲ. ಸಾಮಾನ್ಯವಾಗಿ ಯಾರಾದರೂ ಇಡೀ ದಿನಕ್ಕೆ ಟ್ರ್ಯಾಕ್ ಬಾಡಿಗೆ ಹಿಡಿಯುತ್ತಾರೆ. ಆ ಖರ್ಚನ್ನು ಬಂದ ಕಾರುಗಳು ಹಂಚಿಕೊಳ್ಳುತ್ತವೆ. ಹಾಗೆ ಹಿಡಿಯುವವರು ಮೂರು ಬಗೆ. ಒಂದೇ ಬ್ರ್ಯಾಂಡಿನ ಕಾರು ಇರುವವರ ಕ್ಲಬ್‌ಗಳು, ಟ್ರ್ಯಾಕ್ ಡೇ ನಡೆಸುವುದನ್ನೇ ಕಸುಬು ಮಾಡಿಕೊಂಡ ಸಂಸ್ಥೆಗಳು, ಮತ್ತೆ ಮೋಟಾರ್ ಸ್ಪೋರ್ಟ್ಸ್ ಕ್ಲಬ್‌ಗಳು. ಮೂರನೆಯದಕ್ಕೆ ಉದಾಹರಣೆ ಬೇಕಾದರೆ ನಮ್ಮಲ್ಲಿ ಕೆ-1000 ರ‍್ಯಾಲಿ ನಡೆಸುವ ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಇದೆ, ಚೆನ್ನೈನಲ್ಲಿ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ ಇದೆ. ಮದ್ರಾಸ್ ಕ್ಲಬ್ ಹಿಂದೆ ಶೋಲಾವರಂನ ಹಳೇ ವಿಮಾನದ ರನ್‌ವೇಯಲ್ಲಿ ರೇಸ್ ನಡೆಸುತ್ತಿತ್ತು. ಆಮೇಲೆ ಶ್ರೀಪೆರಂಬದೂರಿನ ಹತ್ತಿರ ಇರುಂಗಾಟ್ಟುಕೋಟ್ಟೈನಲ್ಲಿ ಸ್ವಂತ ಟ್ರ್ಯಾಕನ್ನೇ ಕಟ್ಟಿಕೊಂಡಿತು. 3.7 ಕಿ.ಮೀ. ಉದ್ದ, 12 ತಿರುವು. ನಿಮಗೆ ಅದೇ ಅನುಕೂಲ. ಬೆಂಗಳೂರಿನಿಂದ ಹೊರಟರೆ ಚೆನ್ನೈ ನಗರದ ಟ್ರಾಫಿಕ್ಕಿಗೆ ಸಿಗುವ ಮೊದಲೇ ಟ್ರ್ಯಾಕ್ ಸಿಗುತ್ತದೆ. ಮೈಸೂರು, ಚಾಮರಾಜನಗರದ ಕಡೆಯವರಿಗೆ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಹತ್ತಿರ. ಅದು ಸುಮಾರು 2.1 ಕಿ.ಮೀ.ನ ಚಿಕ್ಕ ಟ್ರ್ಯಾಕ್. ಮಾರುತಿ 800ರ ಬಿಡಿಭಾಗಗಳಿಂದ ಫಾರ್ಮುಲಾ ಮಾರುತಿ ರೇಸ್ ಕಾರು ಮಾಡಿದ ಎಸ್. ಕರಿವರ್ಧನ್ ಅವರ ಹೆಸರು ಅದಕ್ಕಿದೆ. ಬಂಡೀಪುರದ ಮೇಲೆ ಹೋಗುವುದಾದರೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ರಸ್ತೆ ಮುಚ್ಚಿರುತ್ತದೆ. ಹಿಂದಿನ ದಿನವೇ ಹೊರಡಿ.

ಟ್ರ್ಯಾಕ್ ಡೇ ರೇಸ್ ಅಲ್ಲ. ರೇಸಿಗೆ ಇಳಿಯಬೇಕಾದರೆ ಮೋಟಾರ್ ಕ್ರೀಡೆಯ ರಾಷ್ಟ್ರೀಯ ಒಕ್ಕೂಟ ಎಫ್‌ಎಂಎಸ್‌ಸಿಐ ಕೊಡುವ ಸ್ಪರ್ಧಾ ಲೈಸೆನ್ಸ್ ಬೇಕು. ಟ್ರ್ಯಾಕ್ ಡೇಗೆ ಸಾಮಾನ್ಯವಾಗಿ ಡ್ರೈವಿಂಗ್ ಲೈಸೆನ್ಸ್ ಸಾಕು. ಗೆಲ್ಲುವವರು, ಸೋಲುವವರು ಅಂತ ಇಲ್ಲ.

ಹಾಗಾದರೆ ಕ್ಲಬ್ ಯಾಕೆ? ನನ್ನ ಉತ್ತರ ಒಂದೇ: ನಿಮಗೆ 'ಸಾಕು, ಟ್ರ್ಯಾಕ್ ಬಿಟ್ಟು ಒಳಗೆ ಬಾ' ಅಂತ ಹೇಳುವವರು ಒಬ್ಬರು ಬೇಕು. ಟೀ ಶರ್ಟು, ಸ್ಟಿಕ್ಕರು, ವಾಟ್ಸ್‌ಆ್ಯಪ್ ಗುಂಪು ಎಲ್ಲ ಕ್ಲಬ್ಬಿನಲ್ಲೂ ಸಿಗುತ್ತದೆ. ಪಕ್ಕದ ಸೀಟಿನಲ್ಲಿ ಕೂತು ನಿಮ್ಮ ಕಣ್ಣು ಎಲ್ಲಿ ನೋಡುತ್ತಿದೆ ಅಂತ ಗಮನಿಸುವ ಅನುಭವಸ್ಥರು ಎಲ್ಲ ಕಡೆ ಸಿಗುವುದಿಲ್ಲ. ಆದ್ದರಿಂದ ಹಣ ಕಟ್ಟುವ ಮುಂಚೆ ಕೇಳಿ. ಹೊಸಬರಿಗೆ ಇನ್‌ಸ್ಟ್ರಕ್ಟರ್ ಇದ್ದಾರಾ? ಹೊಸಬರು, ಪಳಗಿದವರು ಬೇರೆ ಬೇರೆ ಹೊತ್ತಿಗೆ ಇಳಿಯುತ್ತಾರಾ? ಟ್ರ್ಯಾಕ್ ಸುತ್ತಲಿನ ಪ್ರತಿ ಪೋಸ್ಟಿನಲ್ಲಿ ಬಾವುಟ ತೋರಿಸಿ ಎಚ್ಚರಿಸುವ ಮಾರ್ಷಲ್ ಇರುತ್ತಾರಾ? ಆ್ಯಂಬುಲೆನ್ಸ್ ಟ್ರ್ಯಾಕ್ ಪಕ್ಕದಲ್ಲೇ ನಿಂತಿರುತ್ತದಾ? ಆ್ಯಂಬುಲೆನ್ಸ್ ಪ್ರಶ್ನೆಗೆ 'ಬೇಕಾದರೆ ಕರೆಸ್ತೀವಿ' ಅಂದರೆ ಆ ಕ್ಲಬ್ ಬಿಟ್ಟುಬಿಡಿ. ಎಷ್ಟೇ ಒಳ್ಳೆ ಗೆಳೆಯರಿದ್ದರೂ ಸರಿ.

ಪ್ರಶ್ನೆ: ನನ್ನದು ಆರು ವರ್ಷ ಹಳೆಯ ಸ್ವಿಫ್ಟ್. ಇದನ್ನು ತಗೊಂಡು ಹೋದರೆ ನಗುತ್ತಾರಾ? ಪವರ್ ಹೆಚ್ಚಿಸಲು ಎಂಜಿನ್ ರಿಮ್ಯಾಪ್ (ಎಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಾವಣೆ), ದೊಡ್ಡ ಎಕ್ಸಾಸ್ಟ್ ಹಾಕಿಸಿಕೊಂಡೇ ಹೋಗಬೇಕಾ? — ಹಾಸನ

ಉತ್ತರ: ಯಾರೂ ನಗುವುದಿಲ್ಲ. ಹಗುರವಾದ, ಕಡಿಮೆ ಪವರ್ ಇರುವ ಕಾರಿನಲ್ಲಿ ಕಲಿತವರೇ ಚೆನ್ನಾಗಿ ಕಲಿಯುತ್ತಾರೆ. ಪವರ್ ಜಾಸ್ತಿ ಇದ್ದರೆ ತಿರುವಿನಲ್ಲಿ ಮಾಡಿದ ತಪ್ಪನ್ನು ನೇರ ರಸ್ತೆಯಲ್ಲಿ ಮುಚ್ಚಿಹಾಕಬಹುದು. ಸ್ವಿಫ್ಟ್‌ನಲ್ಲಿ ಅದು ಆಗುವುದಿಲ್ಲ. ರಿಮ್ಯಾಪ್, ಎಕ್ಸಾಸ್ಟ್ ಎರಡೂ ಬೇಡ. ಆ ದುಡ್ಡಲ್ಲಿ ಸ್ವಲ್ಪವನ್ನು ಬ್ರೇಕಿಗೆ ಹಾಕಿ.

ಬ್ರೇಕ್ ಯಾಕೆ ಅಂದರೆ, ಲೆಕ್ಕ ಹೀಗಿದೆ. ಜನರೂ ಸೇರಿ 1,100 ಕಿಲೋ ತೂಗುವ ಕಾರು 150 ಕಿ.ಮೀ. ವೇಗದಿಂದ 60ಕ್ಕೆ ಇಳಿಯಬೇಕಾದರೆ ಬ್ರೇಕುಗಳಲ್ಲಿ ಹುಟ್ಟುವ ಬಿಸಿ ಸುಮಾರು ಎರಡೂವರೆ ಲೀಟರ್ ನೀರನ್ನು ಕುದಿಯುವ ಮಟ್ಟಕ್ಕೆ ತರಬಲ್ಲದು. ಅದು ಒಂದು ಸಲದ ಬ್ರೇಕಿಗೆ. ಒಂದು ಸುತ್ತಿನಲ್ಲಿ ಮೂರು ನಾಲ್ಕು ಕಡೆಯಾದರೂ ಜೋರಾಗಿ ಬ್ರೇಕ್ ಹಾಕುತ್ತೀರಿ. ನಡುವೆ ಆರಲು ಸಿಗುವುದು ಕೆಲವೇ ಸೆಕೆಂಡು. ಊರಿನಲ್ಲಿ, ಹೆದ್ದಾರಿಯಲ್ಲಿ ಯಾವ ಬ್ರೇಕೂ ಇಷ್ಟು ಬಿಸಿ ಕಂಡಿರುವುದಿಲ್ಲ.

ಈ ಬಿಸಿ ಕೊನೆಗೆ ಬ್ರೇಕ್ ಆಯಿಲ್‌ಗೆ ಮುಟ್ಟುತ್ತದೆ. ಡಾಟ್ 3, ಡಾಟ್ 4 ಅನ್ನುವುದು ಬ್ರೇಕ್ ಆಯಿಲಿನ ದರ್ಜೆಗಳು. ಹೊಸ ಡಾಟ್ 4 ಆಯಿಲ್ ಕನಿಷ್ಠ 230 ಡಿಗ್ರಿವರೆಗೆ ಕುದಿಯುವುದಿಲ್ಲ. ಆದರೆ ಅದು ಗಾಳಿಯ ತೇವವನ್ನು ಹೀರಿಕೊಳ್ಳುತ್ತಾ ಹೋಗುತ್ತದೆ. ನೀರು ಸೇರಿದ ಮೇಲೆ ಆ ಮಿತಿ 155 ಡಿಗ್ರಿಗೆ ಬೀಳಬಹುದು. ಡಾಟ್ 3 ಆದರೆ 205ರಿಂದ 140ಕ್ಕೆ. ನಿಮ್ಮ ಕಾರಿನ ಆಯಿಲ್ ಆರು ವರ್ಷದಿಂದ ಬದಲಾಗಿಲ್ಲ ಅಂದರೆ, ಬೇರೇನೂ ಮಾಡಿಸದಿದ್ದರೂ ಅದನ್ನು ಪೂರ್ತಿ ತೆಗೆಸಿ ಹೊಸದು ಹಾಕಿಸಿ. ಯಾವ ದರ್ಜೆಯದು ಅನ್ನುವುದು ಬಾನೆಟ್ ಒಳಗಿನ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳದ ಮೇಲೇ ಬರೆದಿರುತ್ತದೆ. ಡಿಸ್ಕನ್ನು ಒತ್ತಿ ಹಿಡಿಯುವ ಬ್ರೇಕ್ ಪ್ಯಾಡ್ ಅರ್ಧಕ್ಕಿಂತ ಜಾಸ್ತಿ ಸವೆದಿದ್ದರೆ ಅದನ್ನೂ ಬದಲಿಸಿ.

ಟ್ರ್ಯಾಕ್ ಮೇಲೆ ಕಾಲಿನ ಕೆಳಗೆ ಏನಾಗುತ್ತಿದೆ ಅಂತ ಗುರುತಿಸುವುದು ಕಲಿಯಿರಿ. ಪೆಡಲ್ ಮೆತ್ತಗಾಗಿ ಒಳಗೆ ಇಳಿಯುತ್ತಾ ಹೋದರೆ ಆಯಿಲ್ ಕುದ್ದು ಗುಳ್ಳೆ ಬಂದಿದೆ ಅಂತ ಅರ್ಥ. ಪೆಡಲ್ ಗಟ್ಟಿಯಾಗೇ ಇದೆ, ಆದರೆ ಕಾರು ನಿಲ್ಲುತ್ತಿಲ್ಲ, ಸುಟ್ಟ ವಾಸನೆ ಬರುತ್ತಿದೆ ಅಂದರೆ ಪ್ಯಾಡ್ ಕಾದು ಹಿಡಿತ ಕಳೆದುಕೊಂಡಿದೆ. ಎರಡರಲ್ಲಿ ಯಾವುದಾದರೂ ಸರಿ, ಇನ್ನೊಂದು ಸುತ್ತು ನೋಡೋಣ ಅನ್ನಬೇಡಿ. ನಿಧಾನ ಮಾಡಿ, ಒಳಗೆ ಬನ್ನಿ.

ಹೊರಡುವ ಮೊದಲು ಕಾರಿನೊಳಗೆ ಸಡಿಲ ಇರುವುದನ್ನೆಲ್ಲ ತೆಗೆಯಿರಿ. ನೀರಿನ ಬಾಟಲಿ ಉರುಳಿ ಬ್ರೇಕ್ ಪೆಡಲ್ ಕೆಳಗೆ ಸಿಕ್ಕಿಕೊಂಡರೆ ಗತಿ ಏನು? ಡ್ರೈವರ್ ಕಡೆಯ ಮ್ಯಾಟ್, ಡಿಕ್ಕಿಯಲ್ಲಿರುವ ಜ್ಯಾಕಿ, ಛತ್ರಿ ಎಲ್ಲ ಆಚೆ. ಡ್ಯಾಶ್‌ಬೋರ್ಡ್ ಮೇಲಿನ ಗಣಪನನ್ನೂ ಭಕ್ತಿಯಿಂದ ತೆಗೆದು ಬ್ಯಾಗಿನಲ್ಲಿಡಿ, ಆ ಅಂಟು ಟ್ರ್ಯಾಕಿನ ಬ್ರೇಕಿಗೆ ತಡೆಯುವುದಿಲ್ಲ. ಟೈರ್ ಗಾಳಿಯನ್ನು ಬೆಳಿಗ್ಗೆ ತಣ್ಣಗಿರುವಾಗ ನೋಡಿ ಬರೆದಿಟ್ಟುಕೊಳ್ಳಿ. ಓಡಿ ಬಂದ ಮೇಲೆ ಅದು ಏರಿರುತ್ತದೆ. ಬಿಸಿಯಲ್ಲಿ ಗಾಳಿ ಬಿಟ್ಟಿದ್ದರೆ ಹಾಸನಕ್ಕೆ ವಾಪಸ್ ಹೊರಡುವ ಮುಂಚೆ ಮತ್ತೆ ತುಂಬಿಸಲು ಮರೆಯಬೇಡಿ. ಕಾರು ಜಾರದಂತೆ ತಡೆಯುವ ಇ.ಎಸ್.ಪಿ. ಇದ್ದರೆ ಆನ್ ಆಗಿಯೇ ಇರಲಿ. ಬ್ರೇಕ್ ಹಾಕಿದಾಗ ಚಕ್ರ ಲಾಕ್ ಆಗದಂತೆ ನೋಡಿಕೊಳ್ಳುವ ಎ.ಬಿ.ಎಸ್.ನ ಫ್ಯೂಸ್ ಕೀಳುವ ಸಲಹೆ ಕೊಡುವವರ ಮಾತು ಕೇಳಲೇಬೇಡಿ.

ಪ್ರಶ್ನೆ: ಕಾಂಪ್ರಹೆನ್ಸಿವ್ ಇನ್ಶೂರೆನ್ಸ್, ಝೀರೋ ಡೆಪ್ (ಬಿಡಿಭಾಗಗಳ ಸವಕಳಿ ಕಳೆಯದೆ ಹಣ ಕೊಡುವ ಕವರ್) ಎರಡೂ ಇದೆ. ಟ್ರ್ಯಾಕ್‌ನಲ್ಲಿ ಗುದ್ದಿದರೆ ಕ್ಲೇಮ್ ಸಿಗುತ್ತದಾ? — ಮೈಸೂರು

ಉತ್ತರ: ಸಿಗುತ್ತದೆ ಅಂತ ಲೆಕ್ಕ ಹಾಕಲೇಬೇಡಿ. ನಿಮ್ಮ ಪಾಲಿಸಿಯಲ್ಲಿ ಬಳಕೆಯ ಮಿತಿ ಅನ್ನುವ ಭಾಗ ಓದಿ. ಆಯೋಜಿತ ರೇಸಿಂಗ್, ಪೇಸ್ ಮೇಕಿಂಗ್ (ಮುಂದೆ ಓಡಿ ಉಳಿದವರಿಗೆ ವೇಗ ನಿಗದಿ ಮಾಡುವುದು), ವೇಗ ಪರೀಕ್ಷೆ, ರಿಲಯಬಿಲಿಟಿ ಟ್ರಯಲ್ (ಕಾರಿನ ತಾಳಿಕೆಯ ಪರೀಕ್ಷೆ) ಇವುಗಳಿಗೆ ಬಳಸಿದರೆ ಪಾಲಿಸಿ ಅನ್ವಯಿಸುವುದಿಲ್ಲ ಅಂತ ಅಲ್ಲಿ ಇರುತ್ತದೆ. 'ನಾವು ರೇಸ್ ಮಾಡಲಿಲ್ಲ, ಸುಮ್ನೆ ಓಡಿಸಿದೆವು' ಅಂತ ಆಮೇಲೆ ವಾದ ಮಾಡಬಹುದು. ಆದರೆ ವಾದ ಮುಗಿಯುವ ತನಕ ಕಾರು ಗ್ಯಾರೇಜಿನಲ್ಲೇ ಕೂತಿರುತ್ತದೆ. ಗುದ್ದಿದ್ದು ಹೆದ್ದಾರಿಯಲ್ಲಿ ಅಂತ ಸುಳ್ಳು ಬರೆದುಕೊಡುವ ಉಪಾಯವನ್ನು ಕೆಲವರು ಹೇಳಿಕೊಡುತ್ತಾರೆ. ಅದು ಮೋಸ. ಆ ದಾರಿಗೆ ಹೋಗಬೇಡಿ.

ನಾನು ಎಲ್ಲರಿಗೂ ಹೇಳುವುದು ಇದು: ಈ ಕಾರು ಇವತ್ತು ಪೂರ್ತಿ ಹಾಳಾದರೂ ಮನೆ ನಡೆಯುತ್ತದಾ ಅಂತ ಕೇಳಿಕೊಳ್ಳಿ. ಸಾಲದ ಕಂತು ಇನ್ನೂ ನಾಲ್ಕು ವರ್ಷ ಇದೆ, ಅಪ್ಪ ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಲೂ ಇದೊಂದೇ ಕಾರು ಅಂದರೆ ಅದನ್ನು ಇಳಿಸಬೇಡಿ. ಕಾರು ಅವರೇ ಕೊಡುವ ರೇಸಿಂಗ್ ಶಾಲೆಗಳಿವೆ. ಒಂದು ದಿನದ ಫೀಸು ದುಬಾರಿ ಅನ್ನಿಸಿದರೂ ಒಂದು ಬಂಪರ್, ಒಂದು ರೇಡಿಯೇಟರ್ ಲೆಕ್ಕದಲ್ಲಿ ನೋಡಿದರೆ ಅದು ಕಡಿಮೆಯೇ. ಆರೋಗ್ಯ ವಿಮೆಯನ್ನೂ ತೆಗೆದು ನೋಡಿ. ವೃತ್ತಿಪರರಾಗಿ ಮೋಟಾರ್ ರೇಸಿಂಗ್‌ನಲ್ಲಿ ಭಾಗವಹಿಸಿ ಗಾಯವಾದರೆ ಖರ್ಚು ಕೊಡುವುದಿಲ್ಲ ಅನ್ನುವ ಷರತ್ತು ಸಾಮಾನ್ಯ. ನೀವು ಹವ್ಯಾಸಿ. ಆದರೂ ಕಂಪನಿಯಿಂದ ಬರಹದಲ್ಲಿ ಉತ್ತರ ತರಿಸಿಕೊಳ್ಳಿ.

ಪ್ರಶ್ನೆ: ನಾನು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಇದ್ದೇನೆ. ಇಲ್ಲಿ ನೂರ್‌ಬರ್ಗ್‌ರಿಂಗ್‌ಗೆ ಕ್ಲಬ್ಬೇ ಬೇಡ, ಟಿಕೆಟ್ ತಗೊಂಡು ಹೋಗಬಹುದು ಅಂತಾರೆ. ಊರಿಂದ ಬರುವ ತಮ್ಮನನ್ನು ಬಾಡಿಗೆ ಕಾರಿನಲ್ಲಿ ಕರೆದೊಯ್ಯಲಾ?

ಉತ್ತರ: ಟಿಕೆಟ್ ಮಾತು ನಿಜ, ಬಾಡಿಗೆ ಕಾರು ಖಂಡಿತ ಬೇಡ. ನೂರ್‌ಬರ್ಗ್‌ರಿಂಗ್ ರೇಸ್ ಟ್ರ್ಯಾಕಿನ ಹಳೆಯ ಉದ್ದನೆಯ ಭಾಗ ನಾರ್ಡ್‌ಶ್ಲೈಫೆ. ಅದರ ಆ 20.8 ಕಿ.ಮೀ. ಸುತ್ತು ಪ್ರವಾಸಿಗರಿಗೆ ತೆರೆದಿರುವಾಗ ಅದು ಕಾನೂನಿನ ಪ್ರಕಾರ ಟೋಲ್ ಕಟ್ಟುವ ರಸ್ತೆ. ಜರ್ಮನಿಯ ಸಂಚಾರ ನಿಯಮವೇ ಅಲ್ಲಿ ನಡೆಯುತ್ತದೆ. ಬಲಗಡೆಯಿಂದ ಓವರ್‌ಟೇಕ್ ಮಾಡುವಂತಿಲ್ಲ, ಸಮಯ ಅಳೆಯುವಂತಿಲ್ಲ. ನಿಧಾನದ ಕಾರು, ವೇಗದ ಕಾರು ಎಲ್ಲ ಒಟ್ಟಿಗೆ ಬರುತ್ತವೆ. ಹೊಸಬರಿಗೆ ಬೇರೆ ಗುಂಪು ಇಲ್ಲ, ಪಕ್ಕದಲ್ಲಿ ಕಲಿಸುವವರೂ ಇಲ್ಲ. ಗಾರ್ಡ್‌ರೇಲಿಗೆ ತಾಗಿದರೆ ಅದರ ರಿಪೇರಿ ಖರ್ಚು ನಿಮ್ಮ ತಲೆಗೆ. ಮಾಮೂಲಿ ಬಾಡಿಗೆ ಕಂಪನಿಗಳ ಕರಾರಿನಲ್ಲಿ ಈ ಟ್ರ್ಯಾಕಿಗೆ ನಿಷೇಧ ಇರುತ್ತದೆ. ಅಲ್ಲಿಗೇ ಅಂತ ಸಜ್ಜು ಮಾಡಿದ ಕಾರು ಬಾಡಿಗೆ ಕೊಡುವವರು ಟ್ರ್ಯಾಕಿನ ಸುತ್ತಮುತ್ತಲೇ ಇದ್ದಾರೆ. ಅವರಲ್ಲೇ ಇನ್‌ಸ್ಟ್ರಕ್ಟರ್ ಜೊತೆಗೆ ತಗೊಳ್ಳಿ. ತಮ್ಮನಿಗೆ ಮೊದಲ ಸಲ ಪಕ್ಕದ ಸೀಟೇ ಸಾಕು.

ಪ್ರಶ್ನೆ: ಮಗನಿಗೆ 15 ವರ್ಷ. ಕಾರಿನ ಹುಚ್ಚು. ಟ್ರ್ಯಾಕ್ ಡೇಗೆ ಕರೆದುಕೊಂಡು ಹೋಗು ಅಂತ ಹಟ ಮಾಡುತ್ತಾನೆ. — ದಾವಣಗೆರೆ

ಉತ್ತರ: ನೋಡಲು ಕರೆದುಕೊಂಡು ಹೋಗಿ. ಓಡಿಸಲು ಗೋ-ಕಾರ್ಟ್ ಕೊಡಿಸಿ. ಬೆಂಗಳೂರಿನಲ್ಲಿ ಒಳ್ಳೆಯ ಕಾರ್ಟಿಂಗ್ ಟ್ರ್ಯಾಕ್‌ಗಳಿವೆ. ಬೆಂಗಳೂರಿನ ಅರ್ಜುನ್ ಮೈನಿ, ಕುಶ್ ಮೈನಿ ಅಣ್ಣ ತಮ್ಮಂದಿರು ಶುರು ಮಾಡಿದ್ದು ಕಾರ್ಟ್‌ನಿಂದಲೇ. ಕುಶ್ 2025ರಲ್ಲಿ ಮೊನಾಕೊದಲ್ಲಿ ಫಾರ್ಮುಲಾ 1ಕ್ಕಿಂತ ಒಂದು ಹಂತ ಕೆಳಗಿನ ಫಾರ್ಮುಲಾ 2ರ ಸ್ಪ್ರಿಂಟ್ (ಚಿಕ್ಕ) ರೇಸ್ ಗೆದ್ದರು. ಮಗನಿಗೆ ನಿಜವಾಗಲೂ ಆಸಕ್ತಿ ಇದೆಯಾ ಅಂತ ಕೆಲವು ತಿಂಗಳಲ್ಲೇ ನಿಮಗೆ ಗೊತ್ತಾಗುತ್ತದೆ. ಊರಾಚೆ ಖಾಲಿ ಬಡಾವಣೆಯ ರಸ್ತೆಯಲ್ಲಿ ಸ್ಟೀರಿಂಗ್ ಕೊಡುವುದು ಮಾತ್ರ ಬೇಡ.

ಪ್ರಶ್ನೆ: ನಾನು 41ರ ಗೃಹಿಣಿ. ಹದಿನೈದು ವರ್ಷದಿಂದ ಕಾರು ಓಡಿಸುತ್ತಿದ್ದೇನೆ. ಟ್ರ್ಯಾಕ್ ಡೇಗೆ ಹೆಸರು ಕೊಟ್ಟಿದ್ದೇನೆ. ಹಿಂದೆ ವೇಗವಾಗಿ ಬರುವವರಿಗೆ ಅಡ್ಡ ಆಗುತ್ತೇನೇನೋ ಅನ್ನುವುದೇ ಭಯ. — ಹುಬ್ಬಳ್ಳಿ

ಉತ್ತರ: ಹೆಸರು ಕೊಟ್ಟಿದ್ದು ಕೇಳಿ ತುಂಬಾ ಖುಷಿಯಾಯಿತು. ಭಯ ಬಿಡಿ. ನೀವು ನಿಧಾನವಾಗಿ ಹೋಗುವುದು ತಪ್ಪೇ ಅಲ್ಲ. ಹೊಸಬರ ಗುಂಪಿನಲ್ಲಿ ಸಾಮಾನ್ಯವಾಗಿ ತಿರುವಿನಲ್ಲಿ ಓವರ್‌ಟೇಕ್ ಮಾಡುವಂತಿಲ್ಲ. ನೇರ ರಸ್ತೆಯಲ್ಲಿ, ಮುಂದಿನವರು ಕೈ ತೋರಿಸಿ ಒಪ್ಪಿಗೆ ಕೊಟ್ಟ ಮೇಲೆಯೇ ಹಿಂದಿನವರು ದಾಟಬೇಕು. ಯಾವ ಕಡೆಯಿಂದ ದಾಟಬೇಕು ಅನ್ನುವುದನ್ನು ಬೆಳಗಿನ ಬ್ರೀಫಿಂಗ್‌ನಲ್ಲಿ ಹೇಳುತ್ತಾರೆ. ನೀವು ನಿಮ್ಮ ದಾರಿ ಬದಲಿಸಬೇಡಿ, ಆಕ್ಸಿಲರೇಟರ್ ಸ್ವಲ್ಪ ಬಿಡಿ, ಅವರು ಹೋಗಲಿ. ದಾರಿ ಬಿಡಬೇಕು ಅಂತ ತಿರುವಿನಲ್ಲಿ ಗಾಬರಿಯಿಂದ ಪಕ್ಕಕ್ಕೆ ಸರಿಯುವುದೇ ಅಪಾಯ.

ಬಾವುಟಗಳಲ್ಲಿ ಹಳದಿ, ಕೆಂಪು, ನೀಲಿ ಮೂರು ನೆನಪಿದ್ದರೆ ಅರ್ಧ ಗೆದ್ದಂತೆ. ಹಳದಿ ಅಂದರೆ ಮುಂದೆ ಅಪಾಯ, ನಿಧಾನ ಮಾಡಿ, ಯಾರನ್ನೂ ದಾಟಬೇಡಿ. ಕೆಂಪು ಅಂದರೆ ಓಟ ನಿಂತಿದೆ, ನಿಧಾನವಾಗಿ ಪಿಟ್‌ಗೆ (ಟ್ರ್ಯಾಕ್ ಪಕ್ಕ ಕಾರು ನಿಲ್ಲಿಸುವ ಜಾಗಕ್ಕೆ) ಬನ್ನಿ. ನೀಲಿ ಅಂದರೆ ಹಿಂದೆ ವೇಗದ ಕಾರಿದೆ, ಕನ್ನಡಿ ನೋಡಿ. ಉಳಿದವನ್ನು ಬ್ರೀಫಿಂಗ್‌ನಲ್ಲೇ ಹೇಳಿಕೊಡುತ್ತಾರೆ.

ಮೊದಲ ಸಲ ಇಳಿದಾಗ ಎಲ್ಲರೂ ಸ್ಟೀರಿಂಗನ್ನು ಬಿಗಿಯಾಗಿ ಹಿಡಿದು ಬಾನೆಟ್ ಮುಂದಿನ ಡಾಂಬರನ್ನೇ ನೋಡುತ್ತಾರೆ. ಬೆರಳು ಸಡಿಲ ಬಿಡಿ. ತಿರುವಿನ ಒಳಅಂಚು ಎಲ್ಲಿದೆ ಅಂತ ಹುಡುಕಿ, ಅಲ್ಲಿ ತಲುಪುವ ಮೊದಲೇ ಕಣ್ಣನ್ನು ತಿರುವು ಮುಗಿಯುವ ಕಡೆಗೆ ಕಳಿಸಿ. ಬ್ರೇಕ್ ಪೂರ್ತಿ ನೇರ ರಸ್ತೆಯಲ್ಲೇ ಮುಗಿಯಲಿ, ಆಮೇಲೆ ಸ್ಟೀರಿಂಗ್. ಮೊದಲ ದಿನ ಇಷ್ಟು ಬಂದರೆ ಸಾಕು.

ಹತ್ತಿಯ ತುಂಬು ತೋಳಿನ ಬಟ್ಟೆ, ತೆಳು ಅಡಿಯ ಶೂ ಹಾಕಿಕೊಳ್ಳಿ. ಸೀರೆ, ದುಪಟ್ಟಾ, ಚಪ್ಪಲಿ ಬೇಡ. ಹೆಲ್ಮೆಟ್ ಕ್ಲಬ್ಬಿನಲ್ಲಿ ಸಿಗುತ್ತದಾ, ಬೈಕಿನ ಫುಲ್ ಫೇಸ್ ಹೆಲ್ಮೆಟ್ ಒಪ್ಪುತ್ತಾರಾ ಕೇಳಿ. ಸ್ವಂತಕ್ಕೆ ಕೊಳ್ಳುವುದಾದರೆ ಕಾರ್ ರೇಸಿಂಗಿನ ಹೆಲ್ಮೆಟ್‌ಗಳಿಗೆ ಕೊಡುವ ಸ್ನೆಲ್ ಎಸ್‌ಎ ಗುರುತಿನದು ಕೊಳ್ಳಿ, ಅದನ್ನು ಬೆಂಕಿ ತಡೆಯುತ್ತದಾ ಅಂತಲೂ ಪರೀಕ್ಷೆ ಮಾಡಿರುತ್ತಾರೆ. ಟ್ರ್ಯಾಕಿನ ಬಿಸಿಲಿಗೆ ನೀರು, ಓ.ಆರ್.ಎಸ್. ಜಾಸ್ತಿಯೇ ಇರಲಿ.

ಕೊನೆಯ ಸುತ್ತನ್ನು ಬ್ರೇಕ್ ಮುಟ್ಟದಷ್ಟು ನಿಧಾನವಾಗಿ ಮುಗಿಸಿ, ಕಾರು ಆರಲಿ. ಪಿಟ್‌ಗೆ ಬಂದ ಮೇಲೆ ಹ್ಯಾಂಡ್‌ಬ್ರೇಕ್ ಎಳೆಯಬೇಡಿ. ಕಾದ ಪ್ಯಾಡ್ ಒಂದೇ ಕಡೆ ಒತ್ತಿಕೊಂಡು ಡಿಸ್ಕ್ ಮೇಲೆ ಗುರುತು ಬೀಳುತ್ತದೆ. ಡ್ರಮ್ ಇದ್ದರೆ ಅಂಟಿಕೊಳ್ಳಬಹುದು. ಗೇರಿನಲ್ಲಿ ಬಿಟ್ಟು, ಚಕ್ರದ ಕೆಳಗೆ ಒಂದು ಮರದ ತುಂಡು ಇಡಿ. ಆ ತುಂಡನ್ನು ಹುಬ್ಬಳ್ಳಿಯಿಂದಲೇ ತಗೊಂಡು ಹೋಗಿ, ಅಲ್ಲಿ ಹುಡುಕಿದರೆ ಸಿಗುವುದಿಲ್ಲ.